ಮುಧೋಳದ ಪಲ್ಲವಿ

ಪಲ್ಲವಿ ಎಂಬ ಹುಡುಗಿ ಇರಲೇ ಇಲ್ಲ, ವಿದ್ಯಾ. ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗ ಫೋನಿನಲ್ಲಿ ಸಿಕ್ಕ ಆ ಮುಧೋಳದ ಗೆಳತಿ, ನಿನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೇಳಿಸಿಕೊಂಡವಳು, ಕಡೆಗೆ ಮುಖಕ್ಕೆ ಹೊಡೆದಂಥ ಮಾತು ಬರೆದು ಮಾಯವಾದವಳು — ಅವಳು ನಾನು. ನಿನ್ನ ಹೆತ್ತ ತಾಯಿ. ಇದನ್ನು ಇಷ್ಟು ವರ್ಷ ನಾಲಿಗೆಯ ತುದಿಗೆ ತಂದು ತಂದು ನುಂಗಿದ್ದೇನೆ. ಇನ್ನು ನುಂಗಲಾರೆ.

ಎಲ್ಲಿಂದ ಸುರು ಮಾಡಲಿ — ನಿನಗೆ ನೆನಪಿದೆಯೋ ಇಲ್ಲವೋ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮುಗಳ ಸದ್ದಿಗೆ ಮಾತೆಂದರೆ ಕೂಗಾಟವೇ. ಕರೆಂಟು ಹೋದಾಗ ಮಾತ್ರ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ನಿಮ್ಮಪ್ಪ ಚಹಾ ಕುಡಿಯಲು ಹೊರಗೆ ಹೋಗುತ್ತಿದ್ದರು. ನಾನು ಫಾಲ್ ಹಚ್ಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಡುತ್ತಿದ್ದೆ. ನೀನು ಓಡಿಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಶಾಲೆಯ ಸುದ್ದಿಯನ್ನೆಲ್ಲ ಒದರುತ್ತಿದ್ದೆ. ಓಣಿಯವರೆಲ್ಲ ಕರೆಂಟಿನವರನ್ನು ಬೈಯುವಾಗ ನಾನೊಬ್ಬಳು ಒಳಗೊಳಗೇ ಖುಷಿಪಡುತ್ತಿದ್ದೆ.

ನಿಮ್ಮ ಮಾವ ನಮ್ಮಿಬ್ಬರಿಗೂ ಒಂದೊಂದು ಹಳೆಯ ಟಚ್ ಫೋನು ತಂದುಕೊಟ್ಟ ಮೇಲೆ ಆ ಹೊತ್ತೂ ಹೋಯಿತು. ಮಗ್ಗ ನಿಂತರೂ ನೀನು ಗೋಡೆಗೆ ಒರಗಿ, ಫೋನು ನೋಡುತ್ತಾ ನಗುತ್ತಿದ್ದೆ. ಯಾರಿಗೆ ನಗುತ್ತೀ, ಯಾಕೆ ನಗುತ್ತೀ — ಹೊಟ್ಟೆ ಉರಿಯುತ್ತಿತ್ತು ನನಗೆ. ಹೌದು, ಕಾಳಜಿಯಲ್ಲ, ಹೊಟ್ಟೆಕಿಚ್ಚು. ಕಾಳಜಿ ಎಂದು ಹೆಸರಿಟ್ಟದ್ದು ಆಮೇಲೆ.

ಅದೇ ದಿನಗಳಲ್ಲಿ ನಿಮ್ಮ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ಹೊರಗಿನಿಂದ ಬಂದ ಒಬ್ಬ ಮೇಡಂ ಇಂಟರ್ನೆಟ್ಟಿನ ಅಪಾಯಗಳ ಬಗ್ಗೆ ಹೇಳಿದರು. "ಹುಡುಗಿ ಹೆಸರಿಟ್ಕೊಂಡು ದೊಡ್ಡ ಗಂಡಸರು ಮಾತಾಡ್ತಾರ್ರೀ. ಫೋಟೋ ಕೇಳ್ತಾರ, ಒಬ್ಬಾಕಿನ ಬಾ ಅಂತಾರ. ಮಕ್ಕಳನ್ನ ಬಯ್ಯಬ್ಯಾಡ್ರಿ. ಅವರ ಜೋಡಿ ಕುಂತು ಮಾತಾಡ್ರಿ. ಏನಾರ ಆದ್ರ ನಿಮಗ ಬಂದು ಹೇಳುವಷ್ಟು ಧೈರ್ಯ ಅವರಿಗಿರಲಿ." ಎಲ್ಲ ತಾಯಂದಿರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ನನ್ನ ತಲೆಗೆ ಹೋದದ್ದು ಮೊದಲನೆಯ ಮಾತು ಮಾತ್ರ — ಹೆಸರು ಬದಲಿಸಿಕೊಂಡರೆ ಒಳಗೆ ಹೋಗಬಹುದು ಎಂಬುದು.

ಮೊದಲು ನನ್ನ ಹೆಸರಿನಲ್ಲೇ ಫೋನಿನಲ್ಲಿ ನಿನಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದೆ. ನೀನು ಮುಖ ಕಿವುಚಿದೆ. "ಯವ್ವಾ, ನೀ ಯಾಕ ಅಲ್ಲಿ ಬರ್ತೀ ಬೇ? ಗೆಳತ್ಯಾರೆಲ್ಲಾ ನಗತಾರ."

ನಗಲಿ ಎಂದುಕೊಂಡೆ. ಕೆಲವೇ ದಿನಗಳಲ್ಲಿ ಪಲ್ಲವಿ ಹುಟ್ಟಿದಳು. ಅವಳ ಚಿತ್ರಕ್ಕೆ ಒಂದು ಮುಧೋಳ ನಾಯಿಮರಿಯನ್ನು ಹಾಕಿದೆ. ತಾಯಿಯನ್ನು ಒಲ್ಲೆ ಎಂದವಳು ನಾಯಿಮರಿಯನ್ನು ಕೂಡಲೇ ಒಪ್ಪಿಕೊಂಡೆ.

ಆಮೇಲೆ ಕರೆಂಟು ಹೋದಾಗಲೆಲ್ಲ ನೀನು ಪಡಸಾಲೆಯಲ್ಲಿ, ನಾನು ಅಡುಗೆಮನೆಯಲ್ಲಿ — ನಡುವೆ ಒಂದೇ ಗೋಡೆ. ನೀನು ಬರೆಯುತ್ತಿದ್ದೆ, ನಾನು ಓದುತ್ತಿದ್ದೆ. ಟ್ಯೂಶನ್ನಿನ ಹುಡುಗನ ಬಗ್ಗೆ, ಟೀಚರಾಗುವ ಆಸೆಯ ಬಗ್ಗೆ, ಕನ್ನಡಿಯ ಮುಂದೆ ನಿಂತು ಅಳುವುದರ ಬಗ್ಗೆ. ನನ್ನ ಹಸಿರು ಇಳಕಲ್ ಸೀರೆ ಉಟ್ಟು ತೆಗೆದುಕೊಂಡ ಫೋಟೋ ಕಳಿಸಿ, "ಯಾರಿಗೂ ತೋರಸಬ್ಯಾಡ, ನಿನಗಷ್ಟ" ಎಂದು ಬರೆದೆ. ನೀನು ನನ್ನ ಟ್ರಂಕಿನಿಂದ ಸೀರೆ ತೆಗೆದದ್ದು ತಾಯಿಗೆ ಗೊತ್ತಿರಲಿಲ್ಲ, ಪಲ್ಲವಿಗೆ ಗೊತ್ತಾಯಿತು.

ಒಂದು ದಿನ ತಡೆಯಲಾರದೆ ಪಲ್ಲವಿಯ ಬಾಯಲ್ಲಿ ಕೇಳಿದೆ: "ಇದೆಲ್ಲಾ ನಿಮ್ಮವ್ವಗ ಹೇಳೂದಿಲ್ಲೇನು?"

"ನಮ್ಮವ್ವ ಛಲೋ ಅದಾಳ. ಆದ್ರ ಆಕಿ ಮುಂದ ಹೇಳಾಕ ಬಾಯಿ ಬರೂದಿಲ್ಲ. ನನಗ ನೀನ ಬೇಕು."

ಹಂಚಿನ ಮೇಲಿನ ರೊಟ್ಟಿ ಕರಕಾಗಿಹೋಯಿತು. ಯಾರವಳು, ಎಲ್ಲಿಯವಳು, ನನ್ನ ಮಗಳನ್ನು ಕಸಿದುಕೊಳ್ಳಲು! ನಗಬೇಡ — ಅಥವಾ ನಗು, ನಿನ್ನಿಷ್ಟ. ನಾನೇ ಹುಟ್ಟಿಸಿದವಳ ಮೇಲೆ ನನಗೆ ಸವತಿಯ ಮೇಲಿನಂಥ ಮತ್ಸರ ಬಂತು. ಅವಳನ್ನು ನಿನ್ನ ಮನಸ್ಸಿನಿಂದ ಕಿತ್ತುಹಾಕಬೇಕೆಂದು ಅಂದೇ ನಿಶ್ಚಯಿಸಿದೆ.

ಒಮ್ಮೆ ಭೆಟ್ಟಿಯಾಗೋಣವೆಂದು ನೀನು ಪಲ್ಲವಿಯ ಬೆನ್ನು ಹತ್ತಿದ್ದೆ. ಪಲ್ಲವಿ ಒಪ್ಪಿದಳು: ರವಿವಾರ, ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ. ಅವಳು ಬರುವುದಿಲ್ಲ, ನಿನ್ನ ಮನಸ್ಸು ಮುರಿಯುತ್ತದೆ, ಅಳುತ್ತಾ ನನ್ನ ಹತ್ತಿರ ಬರುತ್ತೀ — ಇದು ನನ್ನ ಎಣಿಕೆ. ಆ ಮೇಡಂ ಯಾವುದಕ್ಕೆ ಹೆದರಬೇಕೆಂದಿದ್ದರೋ ಅದನ್ನೇ ನಾನು ಮಾಡಿದೆ. ರಬಕವಿಯ ಗೆಳತಿಯ ಮನೆಗೆ ಓದಲು ಹೋಗುತ್ತೇನೆಂದು ನೀನು ಸುಳ್ಳು ಹೇಳಿದೆ. ಆ ಗೆಳತಿಗೆಂದು ಶೇಂಗಾ ಹೋಳಿಗೆ ಮಾಡಿಕೊಡು ಎಂದು ನೀನೇ ಕೇಳಿದೆ. ನಾನು ಎಲ್ಲ ಗೊತ್ತಿದ್ದೂ ಮಾಡಿಕೊಟ್ಟೆ. ಡಬ್ಬಿ ಕೈಗಿಟ್ಟು, "ಜ್ವಾಕಿ ಹೋಗವಾ" ಎಂದೆ. ಎಂಥ ಬಾಯಿ ನನ್ನದು!

ನಿನ್ನ ಬೆನ್ನ ಹಿಂದೆಯೇ ಇನ್ನೊಂದು ಬಸ್ಸಿಗೆ ನಾನೂ ಮುಧೋಳಕ್ಕೆ ಬಂದೆ. ನೀನು ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು, ಬಸ್ಸಿನಿಂದ ಇಳಿಯುವ ಒಬ್ಬೊಬ್ಬ ಹುಡುಗಿಯ ಮುಖವನ್ನೂ ನೋಡುತ್ತಾ ಕೂತಿದ್ದೆ. ನಾನು ಸೆರಗನ್ನು ಮುಖಕ್ಕೆಳೆದುಕೊಂಡು ಕಂಬದ ಹಿಂದೆ ನಿಂತಿದ್ದೆ. ಒಬ್ಬ ಗಂಡಸು ಬಂದು ನಿನ್ನ ಪಕ್ಕ ಕೂತ. ಏನೋ ಕೇಳಿದ. ನೀನು ಸರಿದೆ, ಅವನೂ ಸರಿದ. ವಿದ್ಯಾ, ನಾನು ಕಂಬ ಬಿಟ್ಟು ಬರಲಿಲ್ಲ. ನಾನು ಬಂದಿದ್ದರೆ, ನೀ ಇಲ್ಲಿ ಹೆಂಗ ಅಂತ ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ನಿನ್ನನ್ನು ಅವನ ಪಕ್ಕದಲ್ಲಿ ಬಿಟ್ಟೆ. ಕಡೆಗೆ ಬದನೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ, "ಏಳೋ ತಮ್ಮಾ, ಹೆಣ್ಮಕ್ಕಳು ಕುಂಡ್ರೂ ಜಾಗಾ ಇದು" ಎಂದು ಗದರಿಸಿ ನಿಮ್ಮಿಬ್ಬರ ನಡುವೆ ಕೂತಳು. ಅವನು ಎದ್ದುಹೋದ. ನಾನು ಮಾಡಬೇಕಾದ ಕೆಲಸವನ್ನು ಯಾರೋ ಮಾಡಿದರು.

ನೀನು ಮರಳಿದ ಬಸ್ಸಿನಲ್ಲೇ ನಾನೂ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಬಂದೆ. ಇಳಿದವಳೇ ಅಡ್ಡದಾರಿ ಹಿಡಿದು, ನಿನಗಿಂತ ಮೊದಲು ಹಿತ್ತಲ ಬಾಗಿಲಿನಿಂದ ಒಳಸೇರಿ ಕೂತೆ. "ಓದಿದ್ಯೇನವಾ?" ಎಂದೆ. ನೀನು "ಹೂಂ" ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಪಲ್ಲವಿಗೆ ಮೆಸೇಜು ಬಂತು: "ನಿನಗೇನಾರ ಆತೇನ? ನಿಮ್ಮವ್ವ ಬಡದ್ಲೇನು? ನಾ ಸಿಟ್ಟಾಗಿಲ್ಲ. ಹೋಳಿಗಿ ಹಂಗ ಇಟ್ಟೀನಿ."

ಸಿಟ್ಟಿಲ್ಲವಂತೆ! ನಾನು ಒಂದು ಮಾತು ಅಂದರೆ ದಿನಗಟ್ಟಲೆ ಮುನಿಸಿಕೊಳ್ಳುವವಳು, ಅವಳ ಮೇಲೆ ಮಾತ್ರ ಸಿಟ್ಟೇ ಇಲ್ಲ! ಪಲ್ಲವಿಯ ಹೆಸರಿನಲ್ಲಿ ಬರೆದೆ: "ನೀ ಬಂದಿದ್ದು ನೋಡೀನಿ. ನೋಡಿದ ಮ್ಯಾಲ ಮಾತಾಡಸಬೇಕು ಅನಸಲಿಲ್ಲ."

ಆಮೇಲೆ ನೀನು ಕಳಿಸಿದ ಆ ಸೀರೆಯ ಫೋಟೋ ಒಂದನ್ನು ಮಾತ್ರ ಉಳಿಸಿಕೊಂಡು ಪಲ್ಲವಿಯನ್ನು ಅಳಿಸಿಹಾಕಿದೆ. ಗೋಡೆಯಾಚೆ ನೀನು ಬಾಯಿಗೆ ಓಢಣಿ ತುರುಕಿಕೊಂಡು ಅಳುವುದು ಕೇಳಿಸಿತು. ನನ್ನ ಹತ್ತಿರ ಬರಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ.

ಈಗ ನೀನು ಜಮಖಂಡಿಯಲ್ಲಿ ಟೀಚರು. ಮಕ್ಕಳ ಫೋನಿನ ಬಗ್ಗೆ ನಿಮ್ಮ ಶಾಲೆಯ ಪಾಲಕರ ಮುಂದೆ ನೀನೇ ಮಾತಾಡಬೇಕೆಂದು, ಹೋದ ರವಿವಾರ ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಹೇಳುತ್ತಾ ಹೇಳುತ್ತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. "ಅವ್ವಾ, ನಾನೂ ಒಮ್ಮಿ ಸಿಕ್ಕೊಂಡಿದ್ದೆ. ಪಲ್ಲವಿ ಅಂತ ಹೆಸರು. ಹುಡುಗಿ ಅಲ್ಲ ಅಂವ, ಆಮ್ಯಾಲ ತಿಳೀತು ನನಗ. ಮುಧೋಳ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಬಾಜೂಕ ಬಂದು ಕುಂತಿದ್ದ. ನನ್ನ ಫೋಟೋ ಇನ್ನೂ ಅವನ ಕಡೆ ಐತಿ."

ವರನ ಕಡೆಯವರಿಗೆ ಕಳಿಸಲು ಒಂದು ಫೋಟೋ ಕೊಡೆಂದರೆ ನೀನು ಯಾಕೆ ಕೆಂಡವಾಗುತ್ತಿದ್ದೆ ಎಂದು ಆಗ ತಿಳಿಯಿತು. ಇಷ್ಟು ವರ್ಷ, ಯಾವನೋ ನಿನ್ನನ್ನು ನೋಡುತ್ತಿದ್ದಾನೆಂಬ ಹೆದರಿಕೆಯಲ್ಲಿ ಬದುಕಿದ್ದೀಯಲ್ಲ ನನ್ನ ಕೂಸೇ.

ಆಗಲಾದರೂ ಹೇಳಬೇಕಿತ್ತು. "ಹೋಗಲಿ ಬಿಡವಾ, ಆಗಿದ್ದಾತು" ಎಂದೆ. ಯಾಕೆ ಗೊತ್ತೇ? ಕಡೆಗೂ ನನಗೇ ಹೇಳಿದೆಯಲ್ಲ — ಬೇರೆ ಯಾರಿಗೂ ಅಲ್ಲ, ನನಗೆ — ಎಂದು ಒಳಗೆ ಹಿಗ್ಗುತ್ತಿದ್ದೆ. ಆ ಹಿಗ್ಗನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನೀನು ನಡುಗುತ್ತಿದ್ದಾಗ ನಾನು ಹಿಗ್ಗಿದೆ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು, ನೀನೇ ಅನ್ನು.

ಆ ಫೋಟೋ ಯಾವ ಗಂಡಸಿನ ಕೈಯಲ್ಲೂ ಇಲ್ಲ, ವಿದ್ಯಾ. ನನ್ನ ಹಳೆಯ ಫೋನಿನಲ್ಲಿದೆ. ನನ್ನ ಹೊರತು ಯಾರೂ ನೋಡಿಲ್ಲ. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದಿಷ್ಟನ್ನೂ ನಾಳೆ ನೀನು ಬಂದಾಗ ನಿನ್ನೆದುರು ಕೂತು ಬಾಯಿಬಿಟ್ಟು ಹೇಳುತ್ತೇನೆ, ಆ ಫೋನನ್ನು ನಿನ್ನ ಕೈಗಿಡುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ. ಆದರೆ ಆ ಪಾಲಕರ ಮುಂದೆ ಈ ಕಥೆ ಹೇಳುವುದನ್ನು ಬಿಡಬೇಡ. ಪಲ್ಲವಿ ಯಾರಾಗಿದ್ದಳೆಂದು ಅವರು ಕೇಳಿದರೆ, ಯಾವನೋ ಗಂಡಸು ಅನ್ನಬೇಡ. ನಮ್ಮವ್ವ ಅನ್ನು.