ಅಳತೆ ಪೆಟ್ಟಿಗೆಗೆ ಬಿದ್ದ ಗುಂಡು

ಅಂಕಲ್ ಬಲಗೈಯ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಪ್ರತಿ ಲೋಹದ ಅಂಚನ್ನೂ ಆ ಬೆರಳಿನಿಂದ ಸವರಿ ನೋಡಿ, ಆಮೇಲೆಯೇ ಅಳತೆಗೆ ಕೈ ಹಾಕುತ್ತಿದ್ದರಂತೆ. ರಿಟೈರ್ ಆದ ಮೇಲೂ ಚಟ ಬಿಟ್ಟಿರಲಿಲ್ಲ. ಮೇಜಿನ ಮೂಲೆ, ಕಾರಿನ ಬಾಗಿಲು, ಆಂಟಿ ಹೊಸದಾಗಿ ಕೊಂಡು ತಂದ ತಟ್ಟೆ, ಎಲ್ಲದರ ಮೇಲೂ ಆ ಹೆಬ್ಬೆರಳು ಒಮ್ಮೆ ಓಡಾಡಬೇಕು. "ಒರಟಿದೆ" ಎಂದರೆ ಮುಗಿಯಿತು, ತಟ್ಟೆ ಅಂಗಡಿಗೆ ವಾಪಸ್.

2001ರಲ್ಲಿ ನಾನು ಓದಲು ಲಾಸ್ ಏಂಜಲೀಸಿಗೆ ಬಂದಾಗ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲಿದ್ದ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಮೈಸೂರಿನ ಮುಸ್ಲಿಂ ಕುಟುಂಬ. ಮನೆಯೊಳಗೆ ಉರ್ದು, ನನ್ನ ಜೊತೆ ಅಚ್ಚ ಮೈಸೂರು ಕನ್ನಡ. ಒಬ್ಬಳೇ ಮಗಳು ಕಲ್ವರ್ ಸಿಟಿಯಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ್ದಳು. ನಾನು ಮಂಡ್ಯದವಳು ಎಂದದ್ದೇ ತಡ, "ಸರಿ ಬಿಡಮ್ಮ, ಜಗಳ ಆಡೋಕೆ ಮನೇಲಿ ಒಬ್ರು ಇದ್ಹಾಗಾಯ್ತು" ಎಂದರು ಅಂಕಲ್. ಆಡಿದೆವು ಕೂಡ, ಬೇಕಾದಷ್ಟು. ನನ್ನ ಓದು ಲ್ಯಾಬಿನದು, ಹನಿಯ ನೂರನೇ ಪಾಲನ್ನು ಅಳೆದು ಸುರಿಯುವ ಕೆಲಸ. ಅದು ಗೊತ್ತಾದ ಮೇಲೆ ಮಾತ್ರ ನನ್ನ ಮೇಲೆ ಒಂದು ಚೂರು ಗೌರವ ಬಂತು. "ಅಂದಾಜು ಅನ್ನೋದೆಲ್ಲ ಅಡುಗೆಮನೇಲಿರ್ಲಿ" ಎನ್ನುವುದು ಅವರ ಮಾತು. ಒಳಗಿನಿಂದ ಆಂಟಿಯ ಉತ್ತರ ತಕ್ಷಣ ಬರುತ್ತಿತ್ತು: "ನನ್ನ ಅಂದಾಜಲ್ಲೇ ಮೂವತ್ತು ವರ್ಷ ಉಂಡು ಇಷ್ಟು ದಪ್ಪ ಆಗಿದೀರಲ್ಲ!"

ಅವರಿಗಿದ್ದ ಒಂದೇ ಹುಚ್ಚು ಗುರಿ ಹೊಡೆಯುವುದು. ಬೇಟೆಗೀಟೆ ಇಲ್ಲ, ಕೋಳಿ ಕೊಯ್ಯುವಾಗಲೇ ಆಚೆ ತಿರುಗಿ ನಿಲ್ಲುವ ಮನುಷ್ಯ. ಕಾಗದದ ಮೇಲೆ ಐದು ಗುಂಡು ಒಂದೇ ತೂತಿನೊಳಗೆ ಹೋಗಬೇಕು, ಅಷ್ಟೇ ಆಸೆ. ಅದಕ್ಕಾಗಿ ತೋಟಾಗಳನ್ನೂ ಗರಾಜಿನಲ್ಲಿ ತಾವೇ ಕೂತು ತುಂಬುತ್ತಿದ್ದರು. ಮದ್ದನ್ನು ಚಿನ್ನ ತೂಗಿದ ಹಾಗೆ ತೂಗುತ್ತಿದ್ದರು. ತುಂಬಿದ್ದು ಸರಿಯಾಗಿದೆಯೇ ಎಂದು ನೋಡಲು ಕ್ರೋನೋಗ್ರಾಫ್ ಎಂಬ ಸಣ್ಣ ಪೆಟ್ಟಿಗೆ ಇತ್ತು. ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಮೈದಾನದಲ್ಲಿ, ಬಂದೂಕಿನ ಮುಂದೆ ಹತ್ತು ಅಡಿ ದೂರದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅದನ್ನು ಇಡುವುದು. ಗುಂಡು ಅದರ ತಲೆಯ ಮೇಲೆ ಹಾರಿಹೋದರೆ ವೇಗ ಎಷ್ಟು ಎಂದು ಅಂಕಿ ತೋರಿಸುತ್ತದೆ. ಎಲ್ಲ ಗುಂಡುಗಳ ಅಂಕಿಯೂ ಹತ್ತಿರಹತ್ತಿರ ಬಂದರೆ ಅಂಕಲ್ ಮುಖ ಅರಳುತ್ತಿತ್ತು.

ನನ್ನಂಥ ವೀಸಾದವರು ಬಂದೂಕು ಮುಟ್ಟುವ ಹಾಗಿಲ್ಲ ಎಂದು ಅವರೇ ಮೊದಲ ದಿನ ಹೇಳಿದ್ದರು. ಹಾಗಾಗಿ ಪ್ರತಿ ಶನಿವಾರ ನಾನು ಪಕ್ಕದಲ್ಲಿ ಕೂತು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವವಳು. ಮೊದಮೊದಲು ಬೇಜಾರು ಬರುತ್ತಿತ್ತು, ಬಿಸಿಲು ಬೇರೆ. 2003ರಲ್ಲಿ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಸ್ಯಾನ್ ಡಿಯಾಗೋಗೆ ಹೋದ ಮೇಲೆ ನೋಡಿದರೆ, ಆ ಶನಿವಾರಗಳೇ ನೆನಪಾಗುತ್ತಿದ್ದವು. ಎರಡು ವಾರಕ್ಕೊಮ್ಮೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ. ಆಂಟಿಯ ಖೀಮಾ ತಿನ್ನಲು ಎಂದು ಹೇಳಿಕೊಳ್ಳುತ್ತಿದ್ದೆ. ಅದೂ ನಿಜವೇ.

ಅವರ ಕೈ ನಡುಗುವುದನ್ನು ನಾನು ಕಂಡದ್ದು ಹಾಗೆ ಬಂದ ಒಂದು ಶನಿವಾರ. ಮದ್ದಿನ ಚಮಚ ತಕ್ಕಡಿಗೆ ತಾಗಿ ಟಕಟಕ ಅಂದಿತು. ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. "ಗಾಳಿ" ಎಂದರು. ಗರಾಜಿನ ಬಾಗಿಲು ಮುಚ್ಚಿತ್ತು.

ಆಂಟಿ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಉಳಿದದ್ದು ಹೇಳಿದರು. ಮೈಸೂರಿನಲ್ಲಿ ಅಂಕಲ್‌ಗೆ ಒಬ್ಬ ಅಣ್ಣ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಇವರನ್ನು ಓದಿಸಿ ಅಮೆರಿಕಕ್ಕೆ ಕಳಿಸಿದವರು ಅವರೇ. ಆ ಅಣ್ಣನಿಗೆ ಪಾರ್ಕಿನ್‌ಸನ್ಸ್. ಕೈ ನಡುಗುತ್ತಾ ಶುರುವಾಗಿ ಈಗ ಹಾಸಿಗೆ ಹಿಡಿದಿದ್ದಾರೆ, ಮುಖದ ಮೇಲೆ ಅಳುವೂ ಇಲ್ಲ ನಗುವೂ ಇಲ್ಲ. "ನಾಲ್ಕು ವರ್ಷ ಆಯ್ತು ಬೇಟಾ, ಇವರು ಊರಿಗೇ ಹೋಗಿಲ್ಲ. ದಿನಾ ಫೋನ್ ಬರುತ್ತೆ, ಬಾ ಬಾ ಅಂತ. ಏನಾದರೊಂದು ನೆಪ ಹೇಳ್ತಾರೆ. ಅಣ್ಣನ್ನ ನೋಡೋಕೆ ಹೆದರಿಕೆ. ನಾಳೆ ತಾನೂ ಹಿಂಗೇ ಮಲಗೋದು ಅಂತ."

"ಡಾಕ್ಟರ್‌ಗೆ ತೋರಿಸಬಹುದಲ್ಲ ಆಂಟಿ?"

"ನೀನೇ ಹೇಳಿ ನೋಡು. ನನಗೆ ಬೈಸ್ಕೊಂಡು ಸಾಕಾಗಿದೆ."

ಹೇಳಲಿಲ್ಲ. ಹೇಳುವ ಧೈರ್ಯ ನನಗೂ ಇರಲಿಲ್ಲ. ಮಗಳು ಮಾತ್ರ ಫೋನಿನಲ್ಲಿ ಇಂಗ್ಲಿಷಿನಲ್ಲೇ ಗಲಾಟೆ ಮಾಡಿ, ಕೊನೆಗೆ ಅಪ್ಪನ ಬಾಯಿಂದ ಒಂದು ಮಾತು ತೆಗೆಸಿದ್ದಳು. ಒಂದೇ ಒಂದು ತಪ್ಪು ಆದರೆ ಸಾಕು, ಬಂದೂಕಿನ ಬೀರುವಿಗೆ ಬೀಗ, ಕಾರಿನ ಕೀಲಿಯೂ ವಾಪಸ್. ಇನ್ಸ್‌ಪೆಕ್ಟರ್ ಮಾತು ಅದು, ಹಿಂದೆ ತಗೊಳ್ಳುವಂಥದ್ದಲ್ಲ.

ಆ ತಪ್ಪು ಆದ ದಿನ ರೇಂಜಿನಲ್ಲಿ ಜನ ಜಾಸ್ತಿ ಇದ್ದರು. ಅವತ್ತು ನಾಲ್ಕು ಬಗೆಯಲ್ಲಿ ಮದ್ದು ತುಂಬಿದ ತೋಟಾಗಳ ಪರೀಕ್ಷೆ. ಕತ್ತು ನೋವು ಎಂದು ಬಂದೂಕಿನ ಮೇಲಿನ ದುರ್ಬೀನನ್ನು ಆ ವಾರವಷ್ಟೇ ಎತ್ತರಕ್ಕೆ ಏರಿಸಿ ಕೂರಿಸಿದ್ದರು. ಪೆಟ್ಟಿಗೆ ಇಟ್ಟಾಯಿತು. ಗುಂಡು ಹಾರುವ ದಾರಿಗೆ ಪೆಟ್ಟಿಗೆ ಅಡ್ಡ ಇಲ್ಲವೇ ಎಂದು ನೋಡಲು ಅವರದೇ ಒಂದು ಕ್ರಮ ಇತ್ತು. ಬಂದೂಕಿನ ಹಿಂದಿನ ಬೋಲ್ಟ್ ಎಳೆದು ತೆಗೆದುಬಿಟ್ಟರೆ ನಳಿಗೆ ಖಾಲಿ ಕೊಳವೆ, ಅದರೊಳಗಿಂದಲೇ ನೋಡುವುದು. ಒಂದು ದಿನವೂ ತಪ್ಪಿಸಿದವರಲ್ಲ. ಅವತ್ತು ಬೋಲ್ಟಿನ ಮೇಲೆ ಕೈ ಇಟ್ಟರು, ಕೈ ನಡುಗಿತು, ಪಕ್ಕದ ಬೆಂಚಿನವನು ಇತ್ತಲೇ ನೋಡುತ್ತಿದ್ದ. ಕೈ ಹಿಂದೆಗೆದರು.

"ನೀನೇ ದುರ್ಬೀನಲ್ಲಿ ನೋಡಮ್ಮ, ಅಡ್ಡ ಏನಾದ್ರೂ ಇದೆಯಾ?"

ಖಾಲಿ ಬಂದೂಕು ಮರಳುಚೀಲಗಳ ಮೇಲೆ ಮಲಗಿತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ದೂರದ ಗುರಿಹಲಗೆ ಬಿಟ್ಟರೆ ಏನೂ ಕಾಣಲಿಲ್ಲ. "ಏನೂ ಇಲ್ಲ ಅಂಕಲ್, ಕ್ಲಿಯರ್."

ಅವರು ಕೂತರು, ಉಸಿರು ಬಿಟ್ಟರು, ಹೊಡೆದರು. ಎದುರಿನ ಪೆಟ್ಟಿಗೆ ಸ್ಟ್ಯಾಂಡಿನ ಮೇಲಿಂದ ಎಗರಿ, ಪ್ಲಾಸ್ಟಿಕ್ ಚೂರುಗಳು ಮಂಡಕ್ಕಿ ಚೆಲ್ಲಿದ ಹಾಗೆ ಚೆಲ್ಲಾಡಿದವು.

ಅಯ್ಯೋ ದೇವರೇ ಎಂದೆ ನಾನು, ಜೋರಾಗಿಯೇ. ಅಂಕಲ್ ಬಂದೂಕು ಖಾಲಿ ಮಾಡಿ ಕೆಳಗಿಟ್ಟು, ಕೈ ಎತ್ತಿ ತಮ್ಮದೇ ತಪ್ಪು ಎಂದು ತೋರಿಸಿದರು. ರೇಂಜಿನ ಮುದುಕ ಮೇಲ್ವಿಚಾರಕ ನಗುತ್ತಾ ಬಂದು ಅವರ ಬೆನ್ನು ತಟ್ಟಿದ. ಕ್ರೋನೋಗ್ರಾಫ್ ಕೊಂಡವರು ಒಂದಲ್ಲ ಒಂದು ದಿನ ಅದನ್ನು ಹೊಡೆದೇ ಹೊಡೆಯುತ್ತಾರೆ, ನಾನೇ ಎರಡು ಹೊಡೆದಿದ್ದೇನೆ ಎಂದ. ಸುತ್ತ ಇದ್ದವರೂ ನಕ್ಕರು. ಅಂಕಲ್ ಮುಖ ಮಾತ್ರ ಬೂದಿಯಾಗಿತ್ತು. ಕಾರಿನ ಹತ್ತಿರ ಬಂದು ಕೀಲಿಯನ್ನು ನನ್ನ ಕೈಗೆ ಹಾಕಿದರು.

"ಡ್ರೈವ್ ಮಾಡಮ್ಮ. ಮುಗೀತು ನಂದು."

ಮನೆಗೆ ಬಂದು ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಆಂಟಿಗೆ ಕೊಟ್ಟರು. ಒಡೆದ ಪೆಟ್ಟಿಗೆಯನ್ನು ನಾನು ಎತ್ತಿ ನನ್ನ ಕಾರಿನಲ್ಲಿಟ್ಟುಕೊಂಡೆ.

ಎರಡು ವಾರ ಅವರು ಗರಾಜಿಗೆ ಕಾಲಿಡಲಿಲ್ಲ, ಕಾರು ಮುಟ್ಟಲಿಲ್ಲ, ಶುಕ್ರವಾರದ ನಮಾಜಿಗೂ ಯಾರೋ ಬಂದು ಕರೆದುಕೊಂಡು ಹೋಗಬೇಕಾಯಿತು. "ಊಟ ಮಾಡ್ತಿಲ್ಲ ಬೇಟಾ, ಮಾತೂ ಇಲ್ಲ. ಕೈ ನೋಡ್ಕೊಂಡು ಕೂತಿರ್ತಾರೆ" ಎಂದು ಆಂಟಿ ಫೋನಿನಲ್ಲಿ ಅತ್ತರು. ನನಗೆ ಸಂಕಟ. ಕ್ಲಿಯರ್ ಎಂದು ಹೇಳಿದವಳು ನಾನಲ್ಲವೇ? ನಾನು ಸುಳ್ಳು ಹೇಳಿರಲಿಲ್ಲ, ದುರ್ಬೀನಿನಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಹಾಗಾದರೆ ಗುಂಡು ಅಲ್ಲಿಗೆ ಹೋಗಿದ್ದಾದರೂ ಹೇಗೆ?

ಪೆಟ್ಟಿಗೆಯನ್ನು ಕಾರಿನಿಂದ ತೆಗೆದು ಲ್ಯಾಬಿನ ನನ್ನ ಮೇಜಿನ ಮೇಲಿಟ್ಟು ನೋಡಿದೆ. ಎದುರು ಮುಖ ಸೀಳಿತ್ತಾದರೂ ಗುಂಡು ಹೊಕ್ಕ ತೂತು ಗುಂಡಗೆ, ಚೆನ್ನಾಗಿತ್ತು. ಆ ಕಡೆಯಿಂದ ಅಳೆದೆ, ಈ ಕಡೆಯಿಂದ ಅಳೆದೆ, ಸರಿಯಾಗಿ ನಟ್ಟನಡುವೆ. ಮೇಲಿನ ಅಂಚಿನಿಂದ ಮಾತ್ರ ಒಂದು ಇಂಚು ಕೆಳಗೆ. ಪಕ್ಕಕ್ಕೆ ಒಂದು ಕೂದಲಿನಷ್ಟೂ ತಪ್ಪದೆ ಕೆಳಕ್ಕೆ ಮಾತ್ರ ತಪ್ಪುವ ಕೈ ಯಾವುದು? ಆಗ ಹೊಳೆಯಿತು. ದುರ್ಬೀನು ಇರುವುದು ನಳಿಗೆಯ ಮೇಲೆ, ಅದೂ ಆ ವಾರ ಎರಡೂವರೆ ಇಂಚು ಎತ್ತರಕ್ಕೆ ಏರಿತ್ತು. ಕಣ್ಣಿನ ದಾರಿ ಮೇಲೆ, ಗುಂಡಿನ ದಾರಿ ಕೆಳಗೆ. ದೂರದ ಗುರಿಯಲ್ಲಿ ಎರಡೂ ಸೇರುತ್ತವೆ. ಹತ್ತು ಅಡಿಯಲ್ಲಿ ಇನ್ನೂ ಸೇರಿರುವುದಿಲ್ಲ. ನನ್ನ ಕಣ್ಣು ಪೆಟ್ಟಿಗೆಯ ಮೇಲಿಂದ ದಾಟಿತ್ತು, ಗುಂಡು ಪೆಟ್ಟಿಗೆಯೊಳಗಿಂದ. ಹದಿನೆಂಟರ ಹುಡುಗ ಕೂತಿದ್ದರೂ ಅಲ್ಲೇ ಬೀಳುತ್ತಿತ್ತು.

ಮೇಜಿನ ಮುಂದೆ ಒಬ್ಬಳೇ ನಕ್ಕೆ. ಆ ಶನಿವಾರ ಫ್ರೀವೇಯಲ್ಲಿ ಹೇಗೆ ಡ್ರೈವ್ ಮಾಡಿದೆನೋ ಗೊತ್ತಿಲ್ಲ.

ಅಂಕಲ್ ಮೊದಲು ಪೆಟ್ಟಿಗೆ ಕಡೆ ನೋಡಲೇ ಇಲ್ಲ. "ತಗೊಂಡೋಗಿ ಕಸಕ್ಕೆ ಹಾಕು." ನಾನು ಕೇಳಲಿಲ್ಲ, ಊಟದ ಮೇಜಿನ ಮೇಲೇ ಇಟ್ಟು, ಚಿತ್ರ ಬರೆದು, ಪ್ಲಾಸ್ಟಿಕ್ ಸ್ಕೇಲಿನಿಂದ ಅಳೆದು ತೋರಿಸತೊಡಗಿದೆ. ಎರಡು ನಿಮಿಷ ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ.

"ಎಸಿಯಮ್ಮ ಆ ಸ್ಕೇಲು! ನೀನೂ ಒಬ್ಳು ಅಳೆಯೋಳಾ? ಹೋಗಿ ಗರಾಜಿಂದ ಕ್ಯಾಲಿಪರ್ ತಗೊಂಬಾ."

ಕ್ಯಾಲಿಪರ್ ಹಿಡಿದು ತಾವೇ ಅಳೆದರು. ಆಂಟಿಯಿಂದ ಕೀಲಿ ಇಸಿದುಕೊಂಡು ಬಂದೂಕು ತೆಗೆದು ದುರ್ಬೀನಿನ ಎತ್ತರವನ್ನೂ ಅಳೆದರು. ಕಾಗದದಲ್ಲಿ ಕೂಡಿ ಕಳೆದು, ಚಪ್ಪಟೆ ಹೆಬ್ಬೆರಳನ್ನು ತೂತಿನ ಅಂಚಿನ ಮೇಲೆ ಸುತ್ತಿಸಿದರು. "ಸರಿಯಾಗೇ ಇದೆ. ಕೈ ತಪ್ಪಿಲ್ಲ" ಎಂದರು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ.

"ತಾಳು, ಕುಣೀಬೇಡ. ಬಂದೂಕು ಇದ್ದದ್ದು ಮರಳುಚೀಲದ ಮೇಲೆ. ಇದು ಮರಳುಚೀಲಕ್ಕೆ ಸಿಕ್ಕಿದ ಸರ್ಟಿಫಿಕೇಟು. ನನ್ನ ಕೈಗಲ್ಲ." ಕ್ಯಾಲಿಪರ್ ಮುಚ್ಚಿ ಕೆಳಗಿಟ್ಟರು. "ನಳಿಗೆಯೊಳಗಿಂದ ನೋಡಿದ್ರೆ ಗೊತ್ತಾಗೋದು. ಕೈ ನಡುಗೋದು ಯಾರಿಗಾದ್ರೂ ಕಂಡೀತು ಅಂತ ಬಿಟ್ಟೆ. ಹೆದರ್ಕೊಂಡು ಮಾಡಿದ ತಪ್ಪು ಇದು."

ಇಷ್ಟು ದಿನ ಬಾರದಿದ್ದ ಧೈರ್ಯ ಎಲ್ಲಿಂದ ಬಂತೋ, ಕೇಳಿಯೇಬಿಟ್ಟೆ. "ಹಾಗಾದ್ರೆ ಕೈಗೇ ಇನ್ಸ್‌ಪೆಕ್ಷನ್ ಮಾಡಿಸೋಣ ಅಂಕಲ್. ನೋಡದೇ ರಿಜೆಕ್ಟ್ ಮಾಡೋದು ಯಾವ ಕಾರ್ಖಾನೇಲಿದೆ?"

ಅಂಕಲ್ ನನ್ನನ್ನು ದುರುಗುಟ್ಟಿ ನೋಡಿದರು. "ಇಲ್ಲಿ ಬೇಡ. ಇಲ್ಲಿ ಯಾವ ಡಾಕ್ಟರ್ ಹತ್ರ ಹೋದ್ರೂ ಸಂಜೆ ಮಗ್ರಿಬ್ ನಮಾಜ್‌ಗೆ ಮುಂಚೆ ಊರಿಗೆಲ್ಲ ಸುದ್ದಿ. ನಿಮ್ಮ ಸ್ಯಾನ್ ಡಿಯಾಗೋದಲ್ಲಿ ಆದ್ರೆ ಬರ್ತೀನಿ."

ಬಂದರು. ಡಾಕ್ಟರ್ ವಯಸ್ಸಾದ ಹೆಂಗಸು, ಗಡಿಬಿಡಿ ಇಲ್ಲದವರು. ಕೈ ತೊಡೆಯ ಮೇಲೆ ಇಡಿಸಿ ಸುಮ್ಮನೆ ನೋಡಿದರು, ನಡುಕ ಇಲ್ಲ. ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಸುರಿಯಲು ಹೇಳಿದರು, ನಡುಗಿತು, ಚೆಲ್ಲಿತು. ನಡೆಸಿದರು, ಬರೆಸಿದರು, ಮಣಿಕಟ್ಟು ತಿರುವಿ ನೋಡಿದರು. ಅಣ್ಣನ ಕೈ ಸುಮ್ಮನಿದ್ದಾಗ ನಡುಗುತ್ತಿತ್ತೋ ಕೆಲಸ ಮಾಡುವಾಗಲೋ ಎಂದು ಕೇಳಿದರು. ಸುಮ್ಮನಿದ್ದಾಗಲೇ ಎಂದರು ಅಂಕಲ್. ನಿಮ್ಮದು ಅದಲ್ಲ ಎಂದರು ಡಾಕ್ಟರ್. ಇದು ಬೇರೆ ನಡುಕ, ಎಷ್ಟೋ ಜನಕ್ಕೆ ವಯಸ್ಸಾದಂತೆ ಬರುತ್ತದೆ, ತೊಂದರೆ ಕೊಡುತ್ತದೆ, ಹಾಸಿಗೆಗೆ ಹಾಕುವುದಿಲ್ಲ. ಕಾರು ಓಡಿಸಲು ಅಡ್ಡಿಯಿಲ್ಲ.

ಪಾರ್ಕಿಂಗ್ ಲಾಟ್‌ನಲ್ಲಿ ಅಂಕಲ್ ಕಾರಿಗೆ ಒರಗಿ ನಿಂತು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಎದೆಯ ಮೇಲಿದ್ದ ಕಲ್ಲುಚಪ್ಪಡಿ ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. "ನಾಲ್ಕು ವರ್ಷ ಹಾಳು ಮಾಡ್ಕೊಂಡ್ನಲ್ಲಮ್ಮ. ಅರ್ಧ ಗಂಟೆ ಕೆಲಸ" ಎಂದರು ಕಣ್ಣೊರೆಸಿಕೊಂಡು. ಆಮೇಲೆ ಅಲ್ಲಿಂದಲೇ ಆಂಟಿಗೆ ಫೋನ್ ಮಾಡಿದರು. ಕೈ ವಿಷಯ ಎರಡು ಮಾತಿನಲ್ಲಿ ಮುಗಿಸಿ, "ಮೈಸೂರಿಗೆ ಟಿಕೆಟ್ ನೋಡು" ಎಂದರು.

ಅಂಕಲ್ ತೀರಿಕೊಂಡದ್ದು 2008ರಲ್ಲಿ, ಹೃದಯ ನಿಂತು. ಕೊನೆಯ ವಾರದವರೆಗೂ ರೇಂಜಿಗೆ ಹೋಗುತ್ತಿದ್ದರು, ಯಾರು ನೋಡಿದರೂ ಸರಿ, ನಡುಗುವ ಕೈಯಲ್ಲೇ ಬೋಲ್ಟ್ ಎಳೆದು ನಳಿಗೆಯೊಳಗಿಂದ ನೋಡುತ್ತಿದ್ದರು ಎಂದು ಆಂಟಿ ಹೇಳಿದರು. ಹೆದರಿಕೆ ಆದದ್ದನ್ನು ಮುಚ್ಚಿಡದೆ ಮೇಜಿನ ಮೇಲಿಟ್ಟು ಅಳೆಯುವುದನ್ನು ನಾನು ಕಲಿತದ್ದು ಅವರಿಂದ. ಆ ಋಣ ತೀರುವಂಥದ್ದಲ್ಲ. ಆದರೆ ಅವರನ್ನು ನೆನೆದಾಗಲೆಲ್ಲ ನನ್ನ ಕಿವಿಗೆ ಮೊದಲು ಬರುವುದು ಆ ಸಲ ಮೈಸೂರಿನಿಂದ ಅವರು ಮಾಡಿದ ಫೋನ್.

"ಅಣ್ಣಂಗೆ ಇವತ್ತು ನಾನೇ ಊಟ ಮಾಡಿಸಿದೆ ಕಣಮ್ಮ" ಎಂದರು. "ಅವನ ಬಾಯಿ ಒಂದು ಕಡೆ, ನನ್ನ ಕೈ ಒಂದು ಕಡೆ. ಅರ್ಧ ಅನ್ನ ಗಡ್ಡದ ಮೇಲೇ ಬಿತ್ತು. ನನ್ನ ಕೈಯನ್ನೇ ನೋಡ್ದ. 'ನಿನಗೂ ಬಂತೇನೋ' ಅಂತ ಕೇಳ್ದ, ಕಣ್ಣಲ್ಲಿ ನೀರು. 'ಇಲ್ಲ ಭಾಯಿ, ನಂದು ಬೇರೆ ನಡುಕ, ತೋರಿಸ್ಕೊಂಡು ಬಂದಿದೀನಿ' ಅಂದೆ. ಮುಖದಲ್ಲಿ ಏನೂ ಆಡಲ್ವಲ್ಲ ಅವನಿಗೆ... ಅವನ ಹೊಟ್ಟೆ ಮಾತ್ರ ಕುಲುಕ್ತು. ಕೈ ಇಟ್ಟು ನೋಡ್ದೆ. ನಗ್ತಿದ್ದ ಕಣಮ್ಮ."