ಡಬ್ಬಿ ಹುಡುಕುತ್ತಿದ್ದ ನಾಗರತ್ನಮ್ಮ ಮೇಡಂ

ನಾಗರತ್ನಮ್ಮ ಮೇಡಂ ನಡೆದು ಬರುವಾಗ ಬಲಗೈ ಮುಂದಕ್ಕೆ ಚಾಚಿರುತ್ತಿತ್ತು. ಅಂಗೈ ಆಕಾಶಕ್ಕೆ. ತುಂಬಿದ ಎಣ್ಣೆ ಬಟ್ಟಲನ್ನು ತುಳುಕದ ಹಾಗೆ ಒಯ್ಯುವವರಂತೆ ಕತ್ತು ಬಗ್ಗಿಸಿ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದರು. ಅರಸೀಕೆರೆಯ ನಮ್ಮ ಬೀದಿಯ ಜನ ಮೊದಮೊದಲು ಏನೋ ಹರಕೆ ಇರಬೇಕು ಅಂದುಕೊಂಡಿದ್ದರು. ಹತ್ತಿರ ಹೋಗಿ ನೋಡಿದರೆ ಅಂಗೈಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡದಾದ ಬೂದು ಬಣ್ಣದ ಯಂತ್ರ. ಜಿಪಿಎಸ್. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿತ್ತು, ನಮ್ಮೂರಲ್ಲಿ ಆ ಹೆಸರು ಕೇಳಿದವರೇ ಕಡಿಮೆ.

ಮೇಡಂ ನಮ್ಮ ಹೈಸ್ಕೂಲಿನಲ್ಲಿ ಭೂಗೋಳದ ಟೀಚರಾಗಿದ್ದು ನಿವೃತ್ತರಾದವರು. ನಾನು ಅದೇ ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎರಡೇ ಮನೆ. ಮದುವೆ ಮಾಡಿಕೊಂಡಿರಲಿಲ್ಲ. ಕರೆಂಟಿನ ಗಾಳಿಯಂತ್ರ ನಿಲ್ಲಿಸಲು ಗುಡ್ಡ ನೋಡುತ್ತಿದ್ದ ಇಂಜಿನಿಯರ್ ಒಬ್ಬರು ಅವರ ಮಹಡಿ ಮೇಲಿನ ರೂಮಿನಲ್ಲಿ ಒಂದು ವರ್ಷ ಬಾಡಿಗೆಗಿದ್ದರು. ಕೆಲಸ ಮುಗಿದು ಹೋಗುವಾಗ ಗಾಜಿನ ಮೂಲೆ ಬಿರುಕು ಬಿಟ್ಟಿದ್ದ ತಮ್ಮ ಹಳೇ ಜಿಪಿಎಸ್ ಯಂತ್ರವನ್ನು ಮೇಡಂಗೆ ಕೊಟ್ಟು ಹೋದರು. ಜೊತೆಗೆ ಒಂದು ಆಟವನ್ನೂ ಹೇಳಿಕೊಟ್ಟರು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಯಂತ್ರ ಇದ್ದವರು ಹುಡುಕಿಕೊಂಡು ಹೋಗಿ, ಡಬ್ಬಿಯಲ್ಲಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಷ್ಟೇ. ಜಿಯೋಕ್ಯಾಶಿಂಗ್ ಅಂತ ಅದರ ಹೆಸರು. ಮೇಡಂ ಮಾತ್ರ ಡಬ್ಬಿ ಆಟ ಅನ್ನುತ್ತಿದ್ದರು.

ನನ್ನ ಯಜಮಾನರು ಗಂಡಸಿ ರಸ್ತೆಯಲ್ಲಿ ಸ್ಕೂಟರ್ ಅಪಘಾತದಲ್ಲಿ ಹೋಗಿ ಆಗ ಏಳು ತಿಂಗಳು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಅನ್ನ ಮಾಡುತ್ತಿದ್ದೆ. ಅಳು ಬರುತ್ತಿರಲಿಲ್ಲ. ಬಂದವರೆಲ್ಲ ಅತ್ತು ಸಮಾಧಾನ ಹೇಳಿ ಹೋಗುತ್ತಿದ್ದರು. ಮೇಡಂ ಒಬ್ಬರೇ ಸಮಾಧಾನ ಹೇಳದವರು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತು, "ಸರೋಜ, ಏಳೇ. ಹಳೇಬೀಡಿಗೆ ಹೋಗಿಬರೋಣ. ಈ ಮಷೀನು ನೋಡ್ತಾ ಹೋದ್ರೆ ನನಗೆ ಕಾಲಿಟ್ಟ ಕಡೆ ಕಾಣಲ್ಲ. ನೀನು ನೆಲ ನೋಡ್ಕೊಂಡು ಬಾ, ಸಾಕು" ಅಂದರು. ಬೇಡ ಅನ್ನಲು ಕೂಡ ಒಂದು ಮನಸ್ಸು ಬೇಕಲ್ಲ, ಅದೂ ಇರಲಿಲ್ಲ. ಹೋದೆ.

ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕೂತು, ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ಮಾಡಿಸಿದ್ದ ಹಾಳೆ ತೋರಿಸಿದರು. ನಮ್ಮ ಕೈಗೆ ಎಟುಕುವ ದೂರದಲ್ಲಿ ಇದ್ದದ್ದು ಒಂದೇ ಡಬ್ಬಿ. ಯಾರೋ ಪ್ರವಾಸಿಗರು ಪುಷ್ಪಗಿರಿ ಗುಡ್ಡದ ಕಡೆ ಇಟ್ಟು ಹೋಗಿದ್ದು. ಬಸ್ ಇಳಿದ ಕೂಡಲೇ ಹೊರಡಬಹುದು ಅಂದುಕೊಂಡಿದ್ದೆ. ಮೇಡಂ ಬಯಲಲ್ಲಿ ಯಂತ್ರ ಹಿಡಿದು ಐದು ನಿಮಿಷ ಸುಮ್ಮನೆ ನಿಂತರು.

"ನಾಲ್ಕು ಉಪಗ್ರಹ ಆದ್ರೂ ಸಿಕ್ಕೋವರೆಗೆ ಹೆಜ್ಜೆ ಇಡಬಾರದು. ಮನೆ ಒಳಗೆ, ಬಸ್ಸೊಳಗೆ ಹುಡುಕಿದ್ರೆ ಸಿಗಲ್ಲ. ಮೊದಲು ನಿಂತಿರೋ ಜಾಗ ಗುರುತು ಮಾಡ್ಕೋಬೇಕು. ಹೋಗೋ ಜಾಗ ಆಮೇಲೆ. ಎಲ್ರೂ ಡಬ್ಬಿ ಕಡೆ ಓಡ್ತಾರೆ, ವಾಪಸ್ ಬರೋಕೆ ದಾರಿ ಇರಲ್ಲ."

ಯಂತ್ರದ ಗಾಜಿನಲ್ಲಿ ಒಂದು ಬಾಣ ಇತ್ತು. ಅದು ನಿಂತರೆ ಎತ್ತೆತ್ತಲೋ ತಿರುಗುತ್ತಿತ್ತು. "ನಡೀತಾ ಇದ್ರೆ ಮಾತ್ರ ಇದಕ್ಕೆ ದಿಕ್ಕು ತಿಳಿಯೋದು ಕಣೇ" ಅಂದರು. ಅದಕ್ಕೆ ಬೇರೆ ಅರ್ಥ ಏನೂ ಇರಲಿಲ್ಲ. ಮೇಡಂ ಎರಡರ್ಥದ ಮಾತು ಆಡುವವರಲ್ಲ.

ಬಾಣ ನಮ್ಮನ್ನು ಕರೆದುಕೊಂಡು ಹೋಗಿ ಒಂದು ರಾಗಿ ಹೊಲದ ನಟ್ಟನಡುವೆ ನಿಲ್ಲಿಸಿತು. ಗುಡ್ಡ ಅತ್ತ ದೂರದಲ್ಲಿ ಉಳಿದಿತ್ತು. ಹೊಲದಾತ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಏನ್ ಕಳ್ಕಂಡ್ರಿ ಅಮ್ಮಾ?"

"ಏನೂ ಕಳ್ಕೊಂಡಿಲ್ಲಪ್ಪ. ಹುಡುಕ್ತಾ ಇದೀವಿ."

"ಕಳಕೊಳ್ದೇ ಹುಡುಕೋದ?"

ಮೇಡಂ ಬದುವಿನ ಮೇಲೆ ಕೂತು ಹಾಳೆಯನ್ನೂ ಯಂತ್ರವನ್ನೂ ಪಕ್ಕ ಪಕ್ಕ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಹಣೆ ಚಚ್ಚಿಕೊಂಡರು. ಹಾಳೆಯಲ್ಲಿ ಅಕ್ಷಾಂಶದ ಹನ್ನೆರಡೂವರೆ ನಿಮಿಷ ಅನ್ನುವುದನ್ನು ಹನ್ನೆರಡು ಪಾಯಿಂಟ್ ಐದು ಸೊನ್ನೆ ಅಂತ ಬರೆದಿದ್ದರು. ಅಂದರೆ ಹನ್ನೆರಡು ನಿಮಿಷ, ಮೂವತ್ತು ಸೆಕೆಂಡು. ಮೇಡಂ ಅದನ್ನು ಹನ್ನೆರಡು ನಿಮಿಷ ಐವತ್ತು ಸೆಕೆಂಡು ಅಂತ ಯಂತ್ರಕ್ಕೆ ಹಾಕಿದ್ದರು. ಆ ಇಪ್ಪತ್ತು ಸೆಕೆಂಡಿಗೆ ಸುಮಾರು ಆರುನೂರು ಮೀಟರು ತಪ್ಪಿತ್ತು.

"ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದು ನಾನು" ಅಂತ ನಕ್ಕರು. "ಬರ್ಕೋ ಸರೋಜ. ಹಾಳೆಯಲ್ಲಿ ಹೇಗೆ ಬರೆದಿದಾರೋ ಮಷೀನಿನಲ್ಲೂ ಅದೇ ಲೆಕ್ಕ ಇಟ್ಕೋಬೇಕು. ಬೇರೆ ಏನೂ ಮುಟ್ಟೋಕೆ ಮುಂಚೆ ಅದನ್ನ ನೋಡ್ಕೋಬೇಕು."

ಹೀಗೆ ಬರೆದುಕೊಳ್ಳುವುದು ನನ್ನ ಕೆಲಸವಾಯಿತು. ಮೇಡಂ ಸ್ಕೂಲಿನ ಬೀರುವಿನಿಂದ ತಂದ ಹಳೇ ಸರ್ವೆ ನಕ್ಷೆಯೊಂದನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಯಾವಾಗಲೂ ಒಯ್ಯುತ್ತಿದ್ದರು. ನಕ್ಷೆ ಇಲ್ಲದ ಯಂತ್ರ ನಂಬಬಾರದು, ಅದಕ್ಕೆ ಕೆರೆಯೂ ಗೊತ್ತಿಲ್ಲ, ಬೇಲಿಯೂ ಗೊತ್ತಿಲ್ಲ, ನೆಟ್ಟಗೆ ನಡಿ ಅನ್ನುತ್ತೆ, ಅನ್ನುವರು. "ನಮ್ಮ ಹಳೇ ನಕ್ಷೆ ಮಾಡಿದೋರು ಭೂಮಿಯ ಆಕಾರ ಒಂದು ಥರ ಹಿಡಿದಿದ್ರು, ಈ ಮಷೀನಿನೋರು ಇನ್ನೊಂದು ಥರ ಹಿಡಿದಿದಾರೆ. ಎರಡನ್ನೂ ಸರಿ ಮಾಡ್ಕೊಳ್ಳದೆ ನಡೆದ್ರೆ ಒಂದು ತೋಟದ ಅಗಲ ಆಚೆ ಹೋಗ್ತೀಯ." ಮೂವತ್ತು ಅಡಿ ಹತ್ತಿರ ಬಂದ ಮೇಲೆ ಯಂತ್ರವನ್ನು ಚೀಲಕ್ಕೆ ಹಾಕಿಬಿಡುವರು. "ಇನ್ಮೇಲೆ ಇದಕ್ಕೂ ಗೊತ್ತಿಲ್ಲ. ಕಣ್ಣು ಬಿಡು. ನೀನಾಗಿದ್ರೆ ಎಲ್ಲಿ ಇಡ್ತಿದ್ದೆ?"

ಆ ದಿನ ಗುಡ್ಡದ ಬುಡದಲ್ಲಿ ಎರಡು ಬಂಡೆಗಳ ಸಂದಿಯಲ್ಲಿ ಡಬ್ಬಿ ಸಿಕ್ಕಿತು. ನಮ್ಮ ಕಣ್ಣಿಗೆ ಬಿದ್ದಾಗ ಮೇಡಂ ಚಪ್ಪಾಳೆ ತಟ್ಟಿದರು. ನಾನು ಪುಸ್ತಕದಲ್ಲಿ ಹೆಸರು ಬರೆದೆ. ಬಿಸಿಲು ಇತ್ತು, ನೀರಡಿಕೆ ಆಗಿತ್ತು. ಅದು ನೆನಪಿದೆ.

ಮುಂದಿನ ತಿಂಗಳು ನಾವೇ ಒಂದು ಡಬ್ಬಿ ಇಡೋಣ ಅಂತ ಹೊರಟೆವು. ಹಳೇಬೀಡಿನಿಂದ ಆಚೆ ಊರ ಹೊರಗೆ ಒಂದು ಪಾಳುಬಿದ್ದ ಕಲ್ಲಿನ ಮಂಟಪ. ಮೇಡಂ ಸ್ಟೀಲಿನ ತಿಂಡಿ ಡಬ್ಬಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲು, ಒಂದು ಸೀಟಿ ಹಾಕಿ, ಯಂತ್ರ ಹಿಡಿದು ಮಂಟಪದ ಸುತ್ತ ತಿರುಗುತ್ತಿದ್ದರು. ಐದಾರು ಗಂಡಸರು ಬಂದು ಸುತ್ತುವರಿದರು. ಒಬ್ಬನ ಕೈಯಲ್ಲಿ ದೊಣ್ಣೆ.

"ನಿಧಿ ತೆಗೆಯಾಕೆ ಬಂದೀರ? ಆ ಮಷೀನು ಬಂಗಾರ ಇರೋ ತಾವ ಕೂಗ್ತೈತಂತೆ, ನಮಗೂ ಗೊತ್ತೈತೆ."

ಮೇಡಂ ಡಬ್ಬಿ ತೆರೆದು ತೋರಿಸಿದರು. ಅವರು ನಂಬಲಿಲ್ಲ. ಆಗ ದೊಣ್ಣೆಯವನ ಕೈಗೇ ಯಂತ್ರ ಕೊಟ್ಟರು. "ತಗೊಳ್ಳಪ್ಪ, ನೀನೇ ಹಿಡ್ಕೋ. ನಿನ್ನ ಮನೆ ಎಲ್ಲಿ? ನಡಿ, ಅಲ್ಲಿಗೇ ಹೋಗೋಣ." ಎಲ್ಲರೂ ಅವನ ಮನೆಗೆ ಹೋದೆವು. ಜಗಲಿಯ ಮೇಲೆ ನಿಂತು ಮೇಡಂ ಗುಂಡಿ ಒತ್ತಿ ಆ ಜಾಗ ಗುರುತು ಮಾಡಿದರು. ಮತ್ತೆ ಮಂಟಪಕ್ಕೆ ಕರೆದುಕೊಂಡು ಬಂದು, "ಈಗ ಬಾಣ ಹೇಳಿದ ಕಡೆ ನಡಿ" ಅಂದರು. ಬಾಣ ಅವನನ್ನು ಗಲ್ಲಿ ಗಲ್ಲಿ ದಾಟಿಸಿ ಅವನ ಜಗಲಿಗೇ ತಂದು ಬಿಟ್ಟಿತು.

"ನಮ್ಮನೆ ನಂಗೆ ಗೊತ್ತಿಲ್ವ, ಇದ್ಯಾಕೆ ಹೇಳ್ಬೇಕು?" ಅಂದ ಆತ. ಉಳಿದವರು ಬಿದ್ದು ಬಿದ್ದು ನಕ್ಕರು. ಅವನ ಹೆಂಡತಿ ಮಜ್ಜಿಗೆ ಕೊಟ್ಟಳು.

ಬಸ್ಸಿನಲ್ಲಿ ಮೇಡಂ ನಗಲಿಲ್ಲ. "ತಪ್ಪು ನಮ್ದೇ ಕಣೇ. ಬರ್ಕೋ. ಗುಡಿ, ಮಂಟಪ, ವೀರಗಲ್ಲು ಇದ್ದ ಕಡೆ ಡಬ್ಬಿ ಇಡಬಾರದು. ನೆಲ ಅಗೆಯಬಾರದು. ಜಾಗದೋರನ್ನ ಕೇಳದೇ ಇಡಬಾರದು." ಬರೆದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ, "ಅವನ ದೊಣ್ಣೆ ನೋಡಿ ನನಗೆ ಹೆದರಿಕೆ ಆಗಿತ್ತು. ನೀನು ಕಂಬದ ಥರ ನಿಂತಿದ್ದೆ" ಅಂದರು.

"ಹೆದರಿಕೆ ಆಗಲಿಲ್ಲ ಮೇಡಂ."

"ಅದು ಒಳ್ಳೇದಲ್ಲ ಕಣೇ ಸರೋಜ" ಅಂತ ಕಿಟಕಿಯ ಕಡೆ ತಿರುಗಿದರು.

ಮುಂದಿನ ಭಾನುವಾರ ಎಲ್ಲಿಗೆ ಅಂತ ಹೇಳದೆ ಗಂಡಸಿ ಬಸ್ಸು ಹತ್ತಿಸಿದರು. ಒಂದು ತಿರುವಿನ ಹತ್ತಿರ ಇಳಿದಾಗ ನನಗೆ ತಿಳಿಯಿತು, ಯಜಮಾನರ ಸ್ಕೂಟರ್ ಬಿದ್ದ ಜಾಗ ಅದು. ಅಲ್ಲಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಮೇಡಂ ಯಾರನ್ನು ಕೇಳಿ ತಿಳಿದುಕೊಂಡಿದ್ದರೋ. ಒಂದು ಹುಣಸೆ ಮರ, ಮೋರಿಯ ಕಲ್ಲು, ಆಚೆ ಯಾರದೋ ತೆಂಗಿನ ತೋಟ. ಲಾರಿಗಳು ಹೋಗುತ್ತಿದ್ದವು. ಮೇಡಂ ಯಂತ್ರವನ್ನು ನನ್ನ ಅಂಗೈಯಲ್ಲಿಟ್ಟು ಗುಂಡಿ ತೋರಿಸಿದರು. "ಗುರುತು ಮಾಡ್ಕೋ. ಹೆಸರು ಕೇಳುತ್ತೆ. ನಿನಗೆ ಬೇಕಾದ್ದು ಬರಿ."

ಗಾಜಿನ ಮೇಲೆ ಒಂದು ಗೆರೆ ಮಿನುಗುತ್ತಾ ಹೆಸರಿಗೆ ಕಾಯುತ್ತಿತ್ತು. ನನಗೆ ಒಂದು ಅಕ್ಷರವೂ ಹೊಳೆಯಲಿಲ್ಲ.

"ಬರೀದಿದ್ರೂ ಪರವಾಗಿಲ್ಲ. ಅದೇ ಒಂದು ನಂಬರು ಕೊಟ್ಕೊಳ್ಳುತ್ತೆ."

ಕೊಟ್ಟುಕೊಂಡಿತು. ಸೊನ್ನೆ ನಾಲ್ಕು ಏಳು. ನಾವು ಮೋರಿಯ ಮೇಲೆ ಕೂತು ತಂದಿದ್ದ ಚಪಾತಿ ತಿಂದೆವು. ಬಸ್ಸು ಬಂತು.

ಆಮೇಲೊಂದು ದಿನ ಬೇಲೂರಿನ ಆಚೆ ಬಿಕ್ಕೋಡಿನ ಹತ್ತಿರ ತೋಟದವರ ಒಪ್ಪಿಗೆ ಕೇಳಿ ತಾವೇ ಇಟ್ಟಿದ್ದ ಡಬ್ಬಿಯನ್ನು ಹುಡುಕಲು ನನ್ನನ್ನು ಒಬ್ಬಳನ್ನೇ ಕಳಿಸಿದರು. ಕಾಫಿ ಗಿಡಗಳ ಮೇಲಿನ ನೆರಳು ಮರಗಳ ಕೆಳಗೆ ಹೋಗುತ್ತಲೇ ಉಪಗ್ರಹ ತಪ್ಪಿತು. ತೆರಪಾದ ಕಡೆ ಬಂದು ಹಿಡಿಯೋಣ ಅನ್ನುವಷ್ಟರಲ್ಲಿ ಸೆಲ್ಲು ಮುಗಿಯಿತು. ಬೇರೆ ಸೆಲ್ಲು ಇಟ್ಟುಕೋ ಅಂತ ಹತ್ತು ಸಲ ಹೇಳಿದ್ದರು, ಮರೆತಿದ್ದೆ. ನಾಲ್ಕೂ ಕಡೆ ಒಂದೇ ಥರದ ಸಾಲು, ಒಂದೇ ಥರದ ಹಸಿರು. ಒಂದು ಸಾಲು ಹಿಡಿದು ಓಡಿದೆ, ತಿರುಗಿ ಓಡಿ ಬಂದೆ. ಕೊನೆಗೆ ಮೇಡಂ ಹಟ ಹಿಡಿದು ಬರೆಸಿದ್ದ ಕಾಗದ ತೆಗೆದೆ. ಗೇಟಿನಿಂದ ಪೂರ್ವಕ್ಕೆ, ಹಳ್ಳ ಎಡಗಡೆ. ಹಳ್ಳದ ಸದ್ದು ಹುಡುಕಿಕೊಂಡು, ಅದನ್ನು ಬಲಕ್ಕಿಟ್ಟುಕೊಂಡು ಗೇಟಿಗೆ ಬಂದೆ. ಡಬ್ಬಿ ಸಿಗಲಿಲ್ಲ.

ಊರಿಗೆ ಬಂದು ಹೇಳಿದಾಗ ಮೇಡಂ ಡಬ್ಬಿಯ ವಿಷಯ ಕೇಳಲೇ ಇಲ್ಲ. "ಹೆದರಿಕೆ ಆಯ್ತಾ?"

"ತುಂಬಾ ಆಯ್ತು."

"ಸರಿ, ಕೂತ್ಕೋ" ಅಂತ ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದರು.

ಎರಡು ವರ್ಷ ಹೀಗೆ ತಿರುಗಿದೆವು. ಆಮೇಲೆ ಮೇಡಂಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಹೊಟ್ಟೆ ತೆರೆದು ನೋಡಿ ಹಾಗೇ ಹೊಲಿದರು. ಕೊನೆಯ ಸಲ ನೋಡಿದ್ದು ಹಾಸನದ ಆಸ್ಪತ್ರೆಯಲ್ಲಿ. ತೀರಾ ಸಣ್ಣಗಾಗಿದ್ದರು. ಹೇಗಿದೀರಿ ಅಂದರೆ, "ಈ ಕಿಟಕಿ ಪಶ್ಚಿಮಕ್ಕೆ ಕಣೇ. ಮೂರು ಗಂಟೆ ಮೇಲೆ ಬಿಸಿಲು ಮುಖಕ್ಕೇ ಹೊಡೆಯುತ್ತೆ. ಮಂಚ ತಿರುಗಿಸಿ ಅಂದ್ರೆ ಯಾರಿಗೂ ಅರ್ಥ ಆಗಲ್ಲ" ಅಂದರು. ನಾನೂ ಆಯಾನೂ ಸೇರಿ ಮಂಚ ತಿರುಗಿಸಿದೆವು. "ಹಾಂ, ಈಗ ಉತ್ತರ" ಅಂತ ಕಣ್ಣು ಮುಚ್ಚಿದರು. ಬಿಸಿಲು ಇಳಿಯುವವರೆಗೆ ಕೂತಿದ್ದು ಎದ್ದು ಬಂದೆ. ಐದನೇ ದಿನ ಹೋದರು.

ಕಣಕಟ್ಟೆಯಲ್ಲಿ ಅವರ ಅಣ್ಣನ ತೋಟದಲ್ಲಿ ಮಣ್ಣು ಮಾಡಿದರು. ಸ್ಕೂಲಿನವರೆಲ್ಲ ಒಂದು ವ್ಯಾನಿನಲ್ಲಿ ಹೋಗಿದ್ದೆವು. ಎಲ್ಲರೂ ಅತ್ತರು. ನಾನು ಚಪ್ಪಲಿ ಬಿಟ್ಟ ಜಾಗ ನೋಡುತ್ತಾ ನಿಂತಿದ್ದೆ. ಸೋಮವಾರ ಕೆಲಸಕ್ಕೆ ಹೋದೆ. ಆ ಯಂತ್ರ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಬೆನ್ನಿಗೆ ಚೀಲ ಹಾಕಿಕೊಂಡು ಆಫೀಸಿನ ಬಾಗಿಲಿಗೆ ಬಂದರು. ಮೈಸೂರಿನಿಂದ ಬಂದಿದ್ದರು. "ಇಲ್ಲಿ ನಾಗರತ್ನಮ್ಮ ಮೇಡಂ ಅಂತ ಇದಾರಂತಲ್ಲ, ಇಂಟರ್ನೆಟ್ಟಲ್ಲಿ ಈ ಸ್ಕೂಲಿನ ಹೆಸರು ಹಾಕಿದಾರೆ, ಬಿಕ್ಕೋಡಿನ ಡಬ್ಬಿ ಎಷ್ಟು ಹುಡುಕಿದ್ರೂ ಸಿಗಲಿಲ್ಲ, ಅವರನ್ನೇ ಕೇಳೋಣ ಅಂತ ಬಂದ್ವಿ" ಅಂದಳು ಆಕೆ.

"ತೀರಿಕೊಂಡ್ರು" ಅಂದೆ.

ಅವರು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವರು ಹೋದ ಮೇಲೆ ಬಂದು ಕುರ್ಚಿಯಲ್ಲಿ ಕೂತೆ. ಹಾಜರಿ ಪುಸ್ತಕ ತೆರೆದಿತ್ತು, ಅದರ ಗೆರೆಗಳು ಒಂದರೊಳಗೊಂದು ಸೇರಿಹೋದವು. ನನ್ನ ಅಳು ಕೇಳಿ ಹೆಡ್‌ಮಾಸ್ಟರು ತಮ್ಮ ಕೋಣೆಯಿಂದ ಎದ್ದು ಬಂದರು. ಕಣಕಟ್ಟೆಗೆ ನನ್ನ ಜೊತೆ ಒಂದೇ ವ್ಯಾನಿನಲ್ಲಿ ಬಂದಿದ್ದ ಮನುಷ್ಯ.

"ಯಾಕ್ರೀ ಸರೋಜಮ್ಮ, ಏನಾಯ್ತು?"

"ಮೇಡಂ ಹೋಗ್ಬಿಟ್ರಂತೆ ಸಾರ್" ಅಂದೆ, ಆಗಷ್ಟೇ ಸುದ್ದಿ ತಿಳಿದವಳ ಹಾಗೆ.