ಜನರೇಟರಿನ ಪೆಟ್ಟಿಗೆ, ಕಲ್ಲಪ್ಪನ ಕಿವಿ

ನನ್ನದು ಶಾಮಿಯಾನ ಬಾಡಿಗೆ ಕೊಡುವ ಕೆಲಸ. ಅಂಗಡಿ ಬೆಳಗಾವಿಯಲ್ಲಿ, ಗಿರಾಕಿಗಳು ಖಾನಾಪುರ ತಾಲೂಕಿನ ತುಂಬ. ಈ ಕೆಲಸದಲ್ಲಿ ಇರುವವನಿಗೆ ದೆವ್ವ, ಗಾಳಿ, ದೃಷ್ಟಿ ಇವುಗಳ ಮೇಲೆ ನಂಬಿಕೆ ಉಳಿಯುವುದು ಕಷ್ಟ. ನಂದಗಡದ ಒಂದು ಮದುವೆಯಲ್ಲಿ ಸರಿಯಾಗಿ ಅಕ್ಷತೆಯ ಹೊತ್ತಿಗೆ ದೀಪಗಳೆಲ್ಲ ಆರಿಹೋದಾಗ ಮದುಮಗಳ ಸೋದರತ್ತೆ ಯಾರದೋ ಕೆಟ್ಟ ಕಣ್ಣು ಬಿತ್ತೆಂದು ಗೋಳೋ ಎಂದು ಅತ್ತಳು. ನಾನು ಚಪ್ಪರದ ಹಿಂದೆ ಹೋಗಿ ಫ್ಯೂಸಿಗೆ ಹೊಸ ತಂತಿ ಕಟ್ಟಿ ಬಂದೆ, ಕೆಟ್ಟ ಕಣ್ಣು ಅಲ್ಲಿಗೆ ಮುಚ್ಚಿತು. ಹೀಗಾಗಿ ಯಾರಾದರೂ ವಿಚಿತ್ರ ಅನುಭವ ಎಂದು ಬಾಯಿ ತೆರೆದರೆ ನಾನು ಮನಸ್ಸಿನಲ್ಲೇ ಅದರ ಫ್ಯೂಸ್ ಹುಡುಕಲು ಹೊರಡುತ್ತೇನೆ. ಈಗ ನನ್ನದೇ ಒಂದು ಅನುಭವ ಬರೆಯಲು ಕೂತಿದ್ದೇನೆ. ನಡೆದು ಇಪ್ಪತ್ತು ವರ್ಷದ ಮೇಲಾಯಿತು, ಇದರ ಫ್ಯೂಸ್ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. ಓದುವ ನಿಮಗೆ ಸಿಕ್ಕರೆ ಸಂತೋಷ.

ಕಲ್ಲಪ್ಪ ನನ್ನ ಬಾಲ್ಯದ ಗೆಳೆಯ. ಆಟೋ ನಗರದಲ್ಲಿ ಅವನದೊಂದು ಶೆಡ್ಡು. ಗುದ್ದಿಸಿಕೊಂಡು ಬಂದ ಕಾರು, ಟ್ರಕ್ಕುಗಳ ತಗಡನ್ನು ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವುದು ಅವನ ಉದ್ಯೋಗ. ಮೀಸೆ ಮೂಡುವ ಮೊದಲೇ ಸುತ್ತಿಗೆ ಹಿಡಿದವನು. ನಲವತ್ತರ ಹೊತ್ತಿಗೆ ಅವನ ಕಿವಿಯಲ್ಲಿ ಒಂದು ಸದ್ದು ಶುರುವಾಯಿತು, ಅವನನ್ನು ಬಿಟ್ಟು ಬೇರೆ ಯಾರಿಗೂ ಕೇಳದ ಸದ್ದು. "ಬಾಜು ಓಣ್ಯಾಗ ಯಾವನೋ ತಗಡಿಗೆ ಗ್ರೈಂಡರ್ ಹಿಡದಂಗ ಆಗತೈತಿ ನೋಡ. ಅಂವನೂ ಬಿಡವಲ್ಲ, ತಗಡೂ ತೀರವಲ್ದು" ಎನ್ನುತ್ತಿದ್ದ. ಕಿವಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಇದಕ್ಕೆ ಔಷಧವಿಲ್ಲ, ರೂಢಿ ಮಾಡಿಕೊಳ್ಳಬೇಕು ಎಂದರು. ಹಗಲು ಶೆಡ್ಡಿನ ಗದ್ದಲದಲ್ಲಿ ಹೇಗೋ ಕಳೆಯುತ್ತಿತ್ತು. ಮನೆಯವರೆಲ್ಲ ಮಲಗಿದರೋ, ಸದ್ದು ಎದ್ದು ಕೂರುತ್ತಿತ್ತು. ತಲೆಯ ಹತ್ತಿರ ಟೇಬಲ್ ಫ್ಯಾನ್ ತಿರುಗುತ್ತಿದ್ದರೆ ಅದರ ಗುಂಯ್‌ಗುಡುವಿಕೆಯ ಮರೆಯಲ್ಲಿ ಒಂದಿಷ್ಟು ಕಣ್ಣು ಮುಚ್ಚುತ್ತಿದ್ದ. ಕರೆಂಟ್ ಹೋದರೆ ಅವನ ನಿದ್ದೆಯೂ ಹೋಯಿತು. ಬೆಳಗಾವಿಯ ಚಳಿಯಲ್ಲಿ ಎರಡು ಕಂಬಳಿ ಹೊದ್ದು ಫ್ಯಾನ್ ಹಾಕಿಕೊಂಡು ಮಲಗುವ ಮನುಷ್ಯ ಊರಿಗೆಲ್ಲ ಅವನೊಬ್ಬನೇ ಇದ್ದನೇನೋ.

ದೀಪಾವಳಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಕಣಕುಂಬಿಗೆ ಹೋಗಿ ಎರಡು ದಿನ ಡೇರೆ ಹಾಕುವುದು ನಮ್ಮಿಬ್ಬರ ಹಳೆಯ ಪದ್ಧತಿ. ಜಗತ್ತಿಗೆಲ್ಲ ಡೇರೆ ಹಾಕಿಕೊಡುವ ನಾನು ನನಗೆಂದು ಹಾಕಿಕೊಳ್ಳುತ್ತಿದ್ದುದು ಅದೊಂದೇ ಸಲ. ಅಲ್ಲಿ ಪರಶುರಾಮ ಎಂಬ ಪರಿಚಯದ ರೈತನ ಗದ್ದೆಯ ಅಂಚಿಗೆ, ಹಳ್ಳದ ಮಗ್ಗುಲಿಗೆ ನಮ್ಮ ಕಾಯಂ ಜಾಗ. ಕಿವಿ ಕೆಟ್ಟ ಮೇಲೆ ಕಲ್ಲಪ್ಪ ಬರುವುದನ್ನು ಬಿಟ್ಟುಬಿಟ್ಟ. ಆ ಜಾಗಕ್ಕೆ ಕರೆಂಟಿಲ್ಲ, ಫ್ಯಾನಿಲ್ಲ. ಕಾಡಿನ ಮೌನದಲ್ಲಿ ತಲೆಯೊಳಗಿನ ಸದ್ದಿನ ಜೊತೆ ಒಬ್ಬನೇ ಕೂರುವ ಧೈರ್ಯ ಅವನಿಗಿರಲಿಲ್ಲ. ಅವನಿಲ್ಲದೆ ನಾನೂ ಹೋಗಲಿಲ್ಲ.

ಹೀಗಿರುವಾಗ ಅವನ ಹೆಂಡತಿ ಮಹಾದೇವಿ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಣ್ಣಾರ, ಇವತ್ತ ಮುಂಜಾನೆ ಇವ್ರು ಕೈಯಾಗ ಸುತ್ತಗಿ ಹಿಡ್ಕೊಂಡ ಕನ್ನಡಿ ಮುಂದ ನಿಂತಿದ್ರು. ಏನ್ರಿ ಇದು ಅಂದ್ರ, ಈ ತಲಿ ಒಡದು ಒಳಗಿನ್ದನ್ನ ತಗದ ಒಗೀಬೇಕು ಅನಸ್ತೈತಿ ಅಂದ್ರು. ನಗಕೋತನ ಅಂದ್ರು. ನನಗ ನಗು ಬರಲಿಲ್ಲರಿ."

ನನಗೂ ಬರಲಿಲ್ಲ. ನಿಜವಾಗಿ ಹೆದರಿಕೆಯಾಯಿತು. ಇವನನ್ನು ಆ ಶೆಡ್ಡಿನಿಂದ ಎಬ್ಬಿಸಿ ಹೊರಗೆ ಕರೆದೊಯ್ಯಬೇಕು, ಅಲ್ಲಿ ಒಂದು ರಾತ್ರಿಯಾದರೂ ನೆಟ್ಟಗೆ ಮಲಗಿಸಬೇಕು ಎಂದು ಅಲ್ಲಿಯೇ ಹಟ ಹುಟ್ಟಿತು. ನನ್ನ ಹಟ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಅವಳು ಅಂದೇ ನನ್ನ ಚೀಲಕ್ಕೆ ಸ್ವೆಟರ್ ತುಂಬಿಟ್ಟಳು.

ಫ್ಯಾನಿಗೆ ಕರೆಂಟ್ ಬೇಕು, ಕರೆಂಟಿಗೆ ಜನರೇಟರ್ ನನ್ನಲ್ಲೇ ಇತ್ತು. ಒಬ್ಬನೇ ಎತ್ತಬಹುದಾದ ಸಣ್ಣದು. ಗಾತ್ರ ಸಣ್ಣದು, ಬಾಯಿ ಮಾತ್ರ ದೊಡ್ಡದು. ಅದರ ಡಬಡಬ ಕಲ್ಲಪ್ಪನಿಗೆ ಸುತ್ತಿಗೆಯ ಏಟಿನಂತೆಯೇ ಕೇಳುತ್ತಿತ್ತು. ಹಾಗಾದರೆ ಅದನ್ನೊಂದು ಪೆಟ್ಟಿಗೆಯಲ್ಲಿ ಹಾಕಿ ಬಾಯಿ ಮುಚ್ಚಿಸೋಣ ಎಂದೆ. "ನೀ ಮುಚ್ಚಿದ್ರ ಅದರ ಉಸರೂ ನಿಲ್ತೈತಿ" ಎಂದು ಕಲ್ಲಪ್ಪ ಮುಖ ತಿರುಗಿಸಿದ. ಅವನು ಹೇಳಿದ್ದೇ ಆಯಿತು. ಹಳೆಯ ಪ್ಲೈವುಡ್ ಪೆಟ್ಟಿಗೆಗೆ ಒಳಗಿನಿಂದ ಹತ್ತಿಯ ಗಾದಿ ಬಡಿದು ಮುಚ್ಚಳ ಹಾಕಿದರೆ ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ತೂತು ಕೊರೆದೆ. ಈಗ ಗಾಳಿ ಒಳಗೆ ಹೋಯಿತು, ಸದ್ದು ಅದೇ ತೂತಿನಿಂದ ಮೊದಲಿಗಿಂತ ಜೋರಾಗಿ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಗಾದಿಯಿಂದ ಹೊಗೆಯೂ ಬಂತು. ಕೊಡದಿಂದ ನೀರು ಸುರಿದು ನಾನು ಮಸಿ ಮೋರೆಯಲ್ಲಿ ನಿಂತಾಗ ಕಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ನಗು ನೋಡಿದ್ದು. "ಸರಿ ಆ ಕಡೆ, ಬಾಡಿಗಿ ಕುರ್ಚಿ ಎಣಸೂದಲ್ಲ ಇದು" ಎಂದು ನನ್ನನ್ನು ತಳ್ಳಿ ತಾನೇ ಕೆಲಸಕ್ಕೆ ನಿಂತ.

ಆಮೇಲೆ ಆದದ್ದು ನಿಜವಾದ ಪೆಟ್ಟಿಗೆ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಕಾರುಗಳ ನೆಲಕ್ಕೆ ಹಾಸುವ ದಪ್ಪ ಉಣ್ಣೆಯ ಹಾಸು. ಗಾಳಿ ಬರಲು ಒಂದು, ಹೋಗಲು ಒಂದು ದಾರಿ. ಎರಡನ್ನೂ ನೇರವಾಗಿ ಬಿಡದೆ ಓಣಿಯಂತೆ ತಿರುಗಿಸಿ ತಿರುಗಿಸಿ ತಂದೆವು. ಈ ತಿರುವಿನ ಉಪಾಯ ನನ್ನದು, ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಗಾಳಿ ಹೇಗೋ ದಾರಿ ಮಾಡಿಕೊಳ್ಳುತ್ತದೆ, ಸದ್ದು ತಿರುವು ತಿರುವಿಗೂ ಗೋಡೆಗೆ ಬಡಿದುಕೊಂಡು ಸುಸ್ತಾಗುತ್ತದೆ. ಹೊಗೆಗೆ ಗುಜರಿ ಕಾರಿನ ಸೈಲೆನ್ಸರ್, ಮುಚ್ಚಳಕ್ಕೆ ಟ್ರಕ್ಕಿನ ಬಾನೆಟ್ಟಿನ ಚಿಲಕಗಳು. ನಿಲ್ಲಿಸುವ ಗುಂಡಿಯನ್ನು ತಂತಿ ಎಳೆದು ಪೆಟ್ಟಿಗೆಯ ಹೊರಗೇ ಕೂರಿಸಿದೆವು. ಎಲ್ಲ ಮುಗಿಸಿ ಚಾಲೂ ಮಾಡಿದ ದಿನ ಪಕ್ಕದ ಶೆಡ್ಡಿನಲ್ಲಿ ಸೀಟು ಹೊಲಿಯುವವನು ಬಂದು ಪೆಟ್ಟಿಗೆಯ ಮೇಲೆಯೇ ಕೂತು ಚಹಾ ಕುಡಿದ. ಕುಡಿದು ಮುಗಿಸಿ, "ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳಿದ. ಅವನು ಬರುವ ಮೊದಲಿನಿಂದಲೂ ಅದು ಚಾಲೂ ಇತ್ತು! ಕಲ್ಲಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಗಡಿಗೆ ಊರಿ, ಹಿಡಿಕೆಯನ್ನು ಅವನ ಕಿವಿಗೆ ಹಚ್ಚಿದ. ಎಂಜಿನ್ನಿನ ಒಳಗಿನ ಸದ್ದು ಕೇಳಲು ಆಟೋ ನಗರದಲ್ಲಿ ಎಲ್ಲರೂ ಮಾಡುವುದು ಹೀಗೆಯೇ. ಪಾಪ, ಆ ಮನುಷ್ಯ ಒಳಗಿನ ಡಬಡಬ ಕೇಳಿ ಚಹಾದ ಲೋಟ ಕೆಳಗೆ ಬಿಟ್ಟ. ಅಂದಿನ ನಮ್ಮ ಮೆರೆದಾಟ ಏನು ಕೇಳುತ್ತೀರಿ.

ಅದೇ ವಾರ ನನ್ನ ಟೆಂಪೊದಲ್ಲಿ ಹೊರಟೆವು, ನಾನು, ಕಲ್ಲಪ್ಪ, ಮಹಾದೇವಿ. ಗಂಡನನ್ನು ಒಬ್ಬನನ್ನೇ ಕಳಿಸಲು ಅವಳು ಒಪ್ಪಲಿಲ್ಲ. ಕಣಕುಂಬಿಯಲ್ಲಿ ಪರಶುರಾಮ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ನೋಡಿದ. ಅವನ ಮನೆಮಾತು ಮರಾಠಿ, ನಮ್ಮೊಡನೆ ಎರಡನ್ನೂ ಕಲಸಿ ಆಡುತ್ತಾನೆ. "ಸಾಹೇಬ, ಹೇ ಕಾಯ್? ತಿಜೋರಿ ತಂದ್ರೇನ? ನಮ್ಮ ಎಮ್ಮಿ ಈಗರ ಈದೈತಿ, ಗದ್ದಲ ಆದ್ರ ಹಾಲ ಬಿಡಂಗಿಲ್ಲ ನೋಡ್ರಿ" ಎಂದ. ನಿನ್ನ ಎಮ್ಮೆಗೆ ಗೊತ್ತೂ ಆಗುವುದಿಲ್ಲ ಎಂದೆ.

ಹೊತ್ತು ಮುಳುಗುತ್ತಿತ್ತು. ಪೆಟ್ಟಿಗೆಯನ್ನು ಡೇರೆಯಿಂದ ದೂರ, ಬದುವಿನ ಮೇಲೆ ಇಟ್ಟಿದ್ದೆವು. ಕಲ್ಲಪ್ಪ ಡೇರೆಯೊಳಗೆ ಫ್ಯಾನಿನ ಮುಂದೆ ಹೋಗಿ ಮಲಗಿದ. ಮಹಾದೇವಿ ಹೊರಗೆ ಕಲ್ಲಿಟ್ಟು ಒಲೆ ಹೂಡಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ಹಗ್ಗ ಜಗ್ಗಿ ಎಂಜಿನ್ ಚಾಲೂ ಮಾಡಿ, ಮುಚ್ಚಳ ಇಳಿಸಿ, ಚಿಲಕಗಳನ್ನು ಒಂದೊಂದಾಗಿ ಹಾಕಿದೆ. ಕೊನೆಯ ಚಿಲಕ ಬೀಳುವುದಕ್ಕೂ ಡೇರೆಯಿಂದ ಕಲ್ಲಪ್ಪ ಕೂಗುವುದಕ್ಕೂ ಸರಿಹೋಯಿತು.

"ನಿಂತೈತಿ! ಲೇ, ನಿಂತೈತಿ!"

ಜನರೇಟರ್ ಕೈಕೊಟ್ಟಿತೆಂದು ಓಡಿದೆ. ನೋಡಿದರೆ ಫ್ಯಾನ್ ತನ್ನ ಪಾಡಿಗೆ ತಾನು ತಿರುಗುತ್ತಿದೆ. "ತಿರಗಾಕತ್ತೈತಲ್ಲೋ" ಎಂದೆ. ಅವನು ತನ್ನ ಕಿವಿ ತೋರಿಸಿದ. "ಫ್ಯಾನಲ್ಲೋ ಮಾರಾಯಾ, ಇದು. ನೀ ಚಿಲಕ ಹಾಕಿದಿ, ಇದು ನಿಂತತು."

ಅವನೇ ಕೈ ಚಾಚಿ ಫ್ಯಾನ್ ಆರಿಸಿದ. ರೆಕ್ಕೆಗಳು ನಿಧಾನವಾಗಿ ನಿಂತವು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, "ಇಲ್ಲ, ಏನೂ ಇಲ್ಲ" ಎಂದ. ಎದ್ದು ಹೊರಗೆ ಬಂದ. ಹಳ್ಳದ ನೀರಿನ ಸದ್ದು ಕೇಳಿದ, ಪರಶುರಾಮನ ಎಮ್ಮೆ ಮೆಲುಕು ಹಾಕುವುದನ್ನು ಕೇಳಿದ. ಮಹಾದೇವಿ ಗಾಬರಿಯಿಂದ ಕೈ ನಿಲ್ಲಿಸಿದ್ದಳು. "ಬಡಿ, ರೊಟ್ಟಿ ಬಡಿ. ನಾ ಕೇಳ್ತೀನಿ" ಎಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅವಳು ಬಡಿದಳು. ಅಂಥ ಗಟ್ಟಿ ಆಳು ಅದನ್ನು ಕೇಳುತ್ತ ಕೇಳುತ್ತ ಬಿಕ್ಕಿ ಬಿಕ್ಕಿ ಅತ್ತ. ನನಗೂ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಗಳಿಗೆಯಲ್ಲಿ ಬೆಳಗಾವಿಯಿಂದ ಗೋವೆಯವರೆಗೆ ನನ್ನಂಥ ಜಾಣ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಇಲ್ಲಿಗೆ ಮುಗಿದಿದ್ದರೆ ಕಾಕತಾಳೀಯ ಎಂದು ನಾನೇ ಕೈ ತೊಳೆದುಕೊಳ್ಳುತ್ತಿದ್ದೆ. ಫ್ಯಾನ್ ಬೇಡವಾದ ಮೇಲೆ ಎಂಜಿನ್ ಯಾಕೆ ಎಂದು ಬದುವಿಗೆ ಹೋಗಿ ಹೊರಗಿನ ಗುಂಡಿ ಒತ್ತಿದೆ. ಸೈಲೆನ್ಸರಿನ ಬಾಯಿಗೆ ಕೈ ಹಿಡಿದು ನೋಡಿದೆ, ಹೊಗೆ ನಿಂತಿತ್ತು. ಸದ್ದೇ ಬರದ ಯಂತ್ರ ನಿಂತಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಸ್ಕ್ರೂಡ್ರೈವರ್ ಊರಿ ಕಿವಿ ಹಚ್ಚಿದೆ.

ಎಂಜಿನ್ ನಿಂತಿತ್ತು. ಆದರೆ ಒಳಗೆ ಸದ್ದಿತ್ತು. ತೆಳ್ಳಗೆ, ಹರಿತವಾಗಿ, ಎಲ್ಲೋ ದೂರದಲ್ಲಿ ಯಾರೋ ತಗಡಿಗೆ ಗ್ರೈಂಡರ್ ಹಿಡಿದ ಹಾಗೆ. ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ಕಿವಿ ತೆಗೆದರೆ ಏನೂ ಇಲ್ಲ, ಹಚ್ಚಿದರೆ ಮತ್ತೆ ಅದೇ. ನನ್ನ ಕಿವಿಯ ಮೇಲೆ ನನಗೇ ಸಂಶಯ ಬಂದು ಪರಶುರಾಮನನ್ನು ಕರೆದೆ. ಕಲ್ಲಪ್ಪನ ಕಾಯಿಲೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ, ನಾನೂ ಏನೂ ಹೇಳಲಿಲ್ಲ. ಸುಮ್ಮನೆ ಹಿಡಿಕೆಯನ್ನು ಅವನ ಕಿವಿಗೆ ಇಟ್ಟೆ. ಅವನು ಸ್ವಲ್ಪ ಹೊತ್ತು ಕೇಳಿ, "ಒಳಗ ಯಾರೋ ಪತ್ರಾ ತಿಕ್ಕಾಕತ್ತಾರಲ್ರಿ" ಎಂದ. ಪತ್ರಾ ಎಂದರೆ ಅವನ ಮರಾಠಿಯಲ್ಲಿ ತಗಡು.

ಕಲ್ಲಪ್ಪ ದೂರದಲ್ಲಿ ಒಲೆಯ ಮುಂದೆ ನಮಗೆ ಬೆನ್ನು ಹಾಕಿ ಕೂತಿದ್ದ. ನಾನು ಚಿಲಕಗಳನ್ನು ಸದ್ದಾಗದಂತೆ ಎತ್ತಿ, ಮುಚ್ಚಳವನ್ನು ಬೆರಳು ತೂರುವಷ್ಟು ತೆರೆದೆ. ಕಲ್ಲಪ್ಪ "ಅವ್ವಾ" ಎಂದು ತಲೆ ಹಿಡಿದುಕೊಂಡ. ಮುಚ್ಚಿದೆ. "ಹೋತು, ಹೋತು" ಎಂದ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅವನು ಮಾತಿನಲ್ಲಿ ಮೈಮರೆತಾಗ ಮತ್ತೊಮ್ಮೆ ತೆರೆದೆ. ಮತ್ತೆ ಅದೇ ಕೂಗು. ಮಹಾದೇವಿ ಇತ್ತ ತಿರುಗಿ ನೋಡಿದಳು. ನನ್ನ ಕೈ ಮುಚ್ಚಳದ ಮೇಲಿತ್ತು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಿಟ್ಟಿನ ಕೈಯಲ್ಲೇ ದಡದಡ ಬಂದು, ನಾನು ಚಿಲಕ ಹಾಕುವುದನ್ನು ಕಣ್ಣಾರೆ ನೋಡಿ, ಸೆರಗು ಬಿಗಿದು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಅಣ್ಣಾರ, ಇನ್ನೊಮ್ಮಿ ಇದಕ್ಕ ಕೈ ಹಚ್ಚೀರಿ ನೋಡ್ರಿ! ಒಳಗ ಏನರ ಇರಲಿ, ಅದು ಅಲ್ಲೇ ಇರಲಿ."

ಮುಂದಿನ ರೊಟ್ಟಿಗಳನ್ನು ನಾನು ಮತ್ತು ಪರಶುರಾಮ ಬಡಿದೆವು. ಅವು ಯಾವ ಆಕಾರಕ್ಕೂ ಬರಲಿಲ್ಲ. ಕಲ್ಲಪ್ಪ ಅವನ್ನೇ ಹೊಟ್ಟೆ ತುಂಬ ತಿಂದು ಡೇರೆಗೆ ಹೋಗಿ ಮಲಗಿದ. ಮರುದಿನ ಬಿಸಿಲು ಏರಿ ಮಂಜು ಕರಗಿದರೂ ಏಳಲಿಲ್ಲ. ಪರಶುರಾಮ ಹಾಲು ತಂದು ಪಿಸುಮಾತಿನಲ್ಲಿ ಕೊಟ್ಟು ಹೋದ. ಡೇರೆಯೊಳಗಿನ ಗೊರಕೆ ಕೇಳುತ್ತ ಮಹಾದೇವಿ ಚಹಾ ಕುಡಿದಳು, ಮೂರು ವರ್ಷದ ಮೇಲೆ ಮೊದಲ ಸಲ ಬಿಸಿ ಚಹಾ ಕುಡಿದಂತೆ ಇತ್ತು ಅವಳ ಮುಖ. ತಿರುಗಿ ಬರುವಾಗ ಅವಳು ಟೆಂಪೊದ ಮುಂದಿನ ಸೀಟಿಗೆ ಬರಲಿಲ್ಲ. ಜಾಂಬೋಟಿ ದಾಟಿ ಬೆಳಗಾವಿ ಮುಟ್ಟುವವರೆಗೆ ಹಿಂದೆ ಪೆಟ್ಟಿಗೆಯ ಮೇಲೆಯೇ ಕೂತು, ರಸ್ತೆಯ ತಗ್ಗಿಗೊಮ್ಮೆ ನನ್ನನ್ನು ಬೈಯುತ್ತ ಬಂದಳು.

ಕಲ್ಲಪ್ಪನ ಕಿವಿಗೆ ಆ ಸದ್ದು ಮತ್ತೆ ಬಂದಿಲ್ಲ. ಊರಿಗೆ ಬಂದ ಮೇಲೆ ಅವನೇ ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿದ, ಗಾಳಿಯ ದಾರಿಗಳಿಗೆ ಮಹಾದೇವಿ ಹಳೆಯ ಸೀರೆ ತುರುಕಿದಳು. ನನ್ನ ಜನರೇಟರ್ ಒಳಗೇ ಉಳಿಯಿತು, ಉಳಿಯಲಿ. ಕಿವಿಯ ಡಾಕ್ಟರು, ಒಮ್ಮೊಮ್ಮೆ ಇದು ತಾನಾಗಿಯೇ ಹೋಗುವುದುಂಟು ಎಂದರು. ಪರಿಚಯದ ಎಂಜಿನಿಯರ್ ಒಬ್ಬರು, ನಿಮ್ಮ ತಿರುವು ದಾರಿಯಲ್ಲಿ ಗಾಳಿ ಹೊಕ್ಕು ಸಿಳ್ಳೆ ಹಾಕಿರಬೇಕು ಎಂದರು. ಇರಬಹುದು. ಬೆನ್ನು ಹಾಕಿ ಕೂತವನು ಎರಡು ಸಲವೂ ಕೂಗಿದ್ದು ಯಾಕೆ ಎಂದರೆ ಡಾಕ್ಟರು ಮುಂದಿನ ಪೇಶಂಟನ್ನು ಕರೆದರು, ಎಂಜಿನಿಯರ್ ಗಡಿಯಾರ ನೋಡಿಕೊಂಡರು. ಶೆಡ್ಡಿನಲ್ಲಿ ಅದೇ ಚಿಲಕಗಳನ್ನು ಹಾಕಿದಾಗ ಆಗದ್ದು ಕಣಕುಂಬಿಯಲ್ಲಿ ಯಾಕೆ ಆಯಿತು, ಒಳಗಿನದು ಆ ತೆರೆದ ದಾರಿಗಳಿಂದ ಯಾಕೆ ಹೊರಗೆ ಬರಲಿಲ್ಲ ಎಂಬುದು ದಾರಿ ಮಾಡಿದ ನನಗೂ ಗೊತ್ತಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಹಾಡುಹಗಲು, ಓಣಿಯಲ್ಲಿ ಗಟಾರದ ಕೆಲಸ ನಡೆದು ಕಲ್ಲು ಒಡೆಯುತ್ತಿದ್ದರು. ಕಲ್ಲಪ್ಪ ಪಡಸಾಲೆಯಲ್ಲಿ ಅಂಗಾತ ಮಲಗಿ ಆ ಸದ್ದನ್ನೂ ಮೀರಿಸಿ ಗೊರಕೆ ಹೊಡೆಯುತ್ತಿದ್ದ.

"ಇಡೀ ಓಣಿ ಎಬ್ಬಸ್ತಾರ್ರಿ, ನನಗ ನಿದ್ದಿ ಇಲ್ಲ" ಎಂದು ಮಹಾದೇವಿ ನಕ್ಕಳು. "ಅಣ್ಣಾರ, ಈ ಗೊರಕಿಗೂ ಒಂದ ಪೆಟಿಗಿ ಮಾಡ್ರಿ."

ನಾನೂ ನಕ್ಕೆ. ಮಾಡುವುದು ಕಷ್ಟವೇನಲ್ಲ, ತಗಡು, ಹಾಸು, ತಿರುವು ಎಲ್ಲ ಇನ್ನೂ ಕೈಗೆ ನೆನಪಿದೆ. ಜನರೇಟರಿನ ಗದ್ದಲ ತಡೆಯಲಾರದೆ ಎಷ್ಟೋ ಗಿರಾಕಿಗಳೂ ಕೇಳಿದ್ದಾರೆ. ಆದರೆ ಅಂದಿನಿಂದ ಇಂದಿನವರೆಗೆ ನಾನು ಇನ್ನೊಂದು ಪೆಟ್ಟಿಗೆ ಮಾಡಿಲ್ಲ. ಆ ಚಿಲಕ ಬಿದ್ದಾಗ ಯಾರ ಯಾವ ಸದ್ದು ಒಳಗೆ ಹೋಗಿಬಿಡುತ್ತದೋ ನನಗೆ ತಿಳಿಯದು. ಕಲ್ಲಪ್ಪನ ಗೊರಕೆ ಮಾತ್ರ ಹೊರಗೇ ಇರಲಿ.